ಪಿಕಪ್ ಹಿಂಭಾಗ ಕೂರುತ್ತಿದೆ, ಒಂದು ಪ್ಲೇಟ್ ಸೇರಿಸಿದರೆ ಸಾಕೇ?

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮ ತೋಟ. ಕೆಲವು ವರ್ಷ ಹಳೆಯ ಪಿಕಪ್ ಇದೆ. ಕುಯ್ಲಿನ ಸಮಯದಲ್ಲಿ ಕಾಫಿ ಚೀಲ ಹೇರಿದರೆ ಹಿಂಭಾಗ ಪೂರ್ತಿ ಕೂತುಬಿಡುತ್ತದೆ, ಗುಂಡಿ ಸಿಕ್ಕಾಗಲೆಲ್ಲ ಅಡಿಯಲ್ಲಿ ಧಡ್ ಎಂದು ಹೊಡೆಯುತ್ತದೆ. ಹಿಂದಿನ ಆಕ್ಸಲಿನ ಮೇಲೆ ಕಮಾನಿನಂತೆ ಜೋಡಿಸಿದ ಸ್ಪ್ರಿಂಗ್ ಪ್ಲೇಟ್ ಸೆಟ್ಟಿಗೆ ಎರಡೂ ಕಡೆ ಒಂದೊಂದು ಹೆಚ್ಚುವರಿ ಪ್ಲೇಟ್ ಹಾಕಿಸಿ ಎನ್ನುತ್ತಾರೆ ಗ್ಯಾರೇಜಿನವರು. ಹಾಕಿಸಬಹುದೇ?

ಉತ್ತರ: ಹಾಕಿಸಬಹುದು. ಆದರೆ ಅದಕ್ಕೂ ಮೊದಲು ಗಾಡಿ ಕೂರುತ್ತಿರುವುದು ಹಳೆಯ ಪ್ಲೇಟ್ ಸೋತಿರುವುದರಿಂದಲೋ, ಮಿತಿ ಮೀರಿ ಹೇರುತ್ತಿರುವುದರಿಂದಲೋ ಎಂದು ನೋಡಿಕೊಳ್ಳಿ. ಪ್ಲೇಟ್ ಸೋತಿದ್ದರೆ ಅದರ ಮೇಲೆ ಹೊಸದೊಂದನ್ನು ಸೇರಿಸುವುದಕ್ಕಿಂತ ಪೂರ್ತಿ ಸೆಟ್ ಬದಲಿಸುವುದು ಒಳ್ಳೆಯದು. ಹೇರುವುದೇ ಹೆಚ್ಚಾಗಿದ್ದರೆ ಯಾವ ಪ್ಲೇಟೂ ಅದಕ್ಕೆ ಮದ್ದಲ್ಲ.

ಲೆಕ್ಕ ಆರ್‌ಸಿಯಿಂದ ಶುರುವಾಗಲಿ. ಅದರಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉದಾಹರಣೆಗೆ 1,300 ಕೆಜಿ ಉಳಿಯಿತು ಎನ್ನೋಣ. ಡ್ರೈವರ್, ಜೊತೆಗೆ ಇಬ್ಬರು ಆಳು ಸೇರಿ 200 ಕೆಜಿ ಹೋದರೆ ಸರಕಿಗೆ ಸಿಗುವುದು 1,100 ಕೆಜಿ, ಅಂದರೆ 50 ಕೆಜಿಯ 22 ಚೀಲ. 30 ಚೀಲ ಹೇರುವವರು 400 ಕೆಜಿ ಹೆಚ್ಚು ಹೇರುತ್ತಿದ್ದಾರೆ. ಹಟ್ಟಿಗೊಬ್ಬರದಲ್ಲಿ ಈ ಲೆಕ್ಕ ಇನ್ನೂ ಸುಲಭವಾಗಿ ತಪ್ಪುತ್ತದೆ. ಮಳೆಯಲ್ಲಿ ನೆಂದ ಗೊಬ್ಬರ ಕಣ್ಣಿಗೆ ಅಷ್ಟೇ ಕಂಡರೂ ತೂಕ ಬೇರೆ, ಆದ್ದರಿಂದ ಒಮ್ಮೆಯಾದರೂ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ. ಪ್ಲೇಟ್ ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಯಾವುದೂ ಗಟ್ಟಿಯಾಗುವುದಿಲ್ಲ, ಆರ್‌ಸಿಯ ಅಂಕಿಯೂ ಬದಲಾಗುವುದಿಲ್ಲ. ಹೆಚ್ಚು ಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಹೇಳುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ತೂಕ ಮಿತಿಯೊಳಗೇ ಇದ್ದೂ ಗಾಡಿ ಕೂರುತ್ತಿದ್ದರೆ ಅಳತೆ ಪಟ್ಟಿ ತೆಗೆದುಕೊಳ್ಳಿ. ಕಾಂಕ್ರೀಟ್ ಹಾಕಿದ ಕಾಫಿ ಕಣ ಇದಕ್ಕೆ ಒಳ್ಳೆಯ ಜಾಗ, ಆದರೆ ನೀರು ಹರಿಯಲು ಕೊಟ್ಟ ಇಳಿಜಾರಿನ ಕಡೆ ಬೇಡ. ಟೈರ್ ಗಾಳಿ ಸರಿ ಮಾಡಿ, ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರದ ನಡುವಿನಿಂದ ನೇರ ಮೇಲೆ ಬಾಡಿಯ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ಎಡ ಬಲಕ್ಕೆ 15-20 ಮಿಮೀ ವ್ಯತ್ಯಾಸ ಬಂದರೆ ಒಂದು ಕಡೆಯ ಸೆಟ್ ಸೋತಿದೆ ಎಂದು ಅನುಮಾನಿಸಬಹುದು. ಖಾಲಿ ಇದ್ದಾಗಲೇ ಪ್ಲೇಟ್ ಕಮಾನು ಕಳೆದುಕೊಂಡು ತಿರುಗುಮುರುಗಾಗಿ ಬಾಗಿದ್ದರೆ ಅನುಮಾನವೇ ಬೇಡ. ಬಳಿಕ ಸೆಟ್ಟಿನ ಬದಿಯ ಕೆಸರು ತೊಳೆದು, ಟಾರ್ಚ್ ಹಿಡಿದು ಪ್ಲೇಟ್‌ಗಳನ್ನು ಒಂದೊಂದಾಗಿ ನೋಡಿ. ಅಂಚಿನಲ್ಲಿ ಕೂದಲೆಳೆಯಂಥ ಗೆರೆಯಿದ್ದು ಅದರಿಂದ ಕೆಂಪು ತುಕ್ಕು ಇಳಿದಿದ್ದರೆ ಅದು ಬಿರುಕು. ಸಾಮಾನ್ಯವಾಗಿ ಸೆಟ್ಟಿನ ನಡುವೆ ಪ್ಲೇಟ್ಗಳನ್ನೆಲ್ಲ ಹಿಡಿದಿಡುವ ಸೆಂಟರ್ ಬೋಲ್ಟ್ ತೂತಿನ ಆಸುಪಾಸಿನಲ್ಲಿ, ಇಲ್ಲವೇ ಎಲ್ಲಕ್ಕಿಂತ ಉದ್ದದ ಮೇನ್ ಪ್ಲೇಟಿನ ತುದಿಯಲ್ಲಿ ಸುರುಳಿಯಾಗಿರುವ ಕಣ್ಣಿನ ಹತ್ತಿರ ಕಾಣುತ್ತದೆ. ಬಿರುಕಿದ್ದರೆ ಚರ್ಚೆ ಮುಗಿಯಿತು, ಸೆಟ್ ಬದಲಿಸಿ. ವೆಲ್ಡ್ ಹೊಡೆಸಬೇಡಿ. ಶಾಖ ತಗುಲಿದ ಕಡೆ ಸ್ಪ್ರಿಂಗ್ ಸ್ಟೀಲಿನ ಹದ ಹೋಗಿ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಹಳೆಯ ಪ್ಲೇಟನ್ನು ಹೊಡೆದು ಕಮಾನು ಎತ್ತಿಸುವ ರೂಢಿಯೂ ಇದೆ. ಎತ್ತರ ಬರುತ್ತದೆ, ದಣಿದ ಸ್ಟೀಲಿಗೆ ಕಸುವು ಬರುವುದಿಲ್ಲ. ಕುಯ್ಲಿನ ಭಾರಕ್ಕೆ ಮತ್ತೆ ಕೂರುತ್ತದೆ.

ಸೆಟ್ ಆರೋಗ್ಯವಾಗಿದ್ದು, ಮಿತಿಯೊಳಗಿನ ಭಾರವನ್ನೇ ವರ್ಷವಿಡೀ ಹೊರುವ ಗಾಡಿಗೆ ಇನ್ನಷ್ಟು ಆಸರೆ ಬೇಕೆಂದರೆ ಮಾತ್ರ ಹೆಚ್ಚುವರಿ ಪ್ಲೇಟಿನ ಮಾತು. ಆರು ಪ್ಲೇಟಿನ ಸೆಟ್ಟಿಗೆ ಅದೇ ದಪ್ಪದ ಏಳನೆಯದು ಸೇರಿದರೆ ಬಿಗಿ, ಅಂದರೆ ಭಾರಕ್ಕೆ ಬಾಗದಿರುವ ಗುಣ, ಸುಮಾರು ಆರನೇ ಒಂದು ಪಾಲು ಹೆಚ್ಚುತ್ತದೆ. ದಪ್ಪ ಬದಲಿಸಿದರೆ ಕಥೆಯೇ ಬೇರೆ, ಏಕೆಂದರೆ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿಮೀ ಬದಲು 9 ಮಿಮೀ ಹಾಕಿದರೆ ಆ ಪ್ಲೇಟಿನ ಬಿಗಿ ಶೇ. 42ರಷ್ಟು ಜಾಸ್ತಿ. ‘ಇರಲಿ, ಸ್ವಲ್ಪ ದಪ್ಪದ್ದೇ ಹಾಕೋಣ’ ಎಂದವರ ಗಾಡಿ ಖಾಲಿ ಇದ್ದಾಗ ಕಲ್ಲುಬಂಡಿಯಾಗುವುದು ಇದಕ್ಕೇ. ಕೊಡಗಿನಲ್ಲಿ ಇದು ಬರೀ ಸೊಂಟನೋವಿನ ಪ್ರಶ್ನೆಯಲ್ಲ. ಮಾಕುಟ್ಟ ಘಾಟಿಯ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ರಸ್ತೆ ಬಿಟ್ಟು ಪುಟಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಹೆಚ್ಚು ದಿನ ಖಾಲಿ ಓಡಾಡಿ, ಕುಯ್ಲಿನ ಮೂರು ತಿಂಗಳು ಮಾತ್ರ ಭಾರ ಹೊರುವ ಗಾಡಿಗೆ ಹೆಲ್ಪರ್ ಪ್ಲೇಟ್ ವಾಸಿ. ಭಾರ ಬಿದ್ದು ಸೆಟ್ ಒಂದು ಹಂತಕ್ಕೆ ಇಳಿದ ಮೇಲಷ್ಟೇ ಅದು ಕೆಲಸಕ್ಕೆ ಬರುತ್ತದೆ.

ನಿಮ್ಮದು ಪ್ಯಾರಾಬೋಲಿಕ್ ಸೆಟ್ ಆಗಿದ್ದರೆ ನಡುವೆ ಏನನ್ನೂ ತುರುಕಬೇಡಿ. ನಡುವೆ ದಪ್ಪಗಿದ್ದು ತುದಿಗೆ ಹೋಗುತ್ತ ತೆಳ್ಳಗಾಗುವ, ಒಂದಕ್ಕೊಂದು ನಡುವಿನಲ್ಲಿ ಮತ್ತು ತುದಿಯಲ್ಲಿ ಮಾತ್ರ ತಾಗುವ ಎರಡು ಮೂರು ಪ್ಲೇಟ್ ಇದ್ದರೆ ಅದು ಪ್ಯಾರಾಬೋಲಿಕ್. ಸಾಮಾನ್ಯ ಪ್ಲೇಟ್ ಸೇರಿಸಿದರೆ ಅದು ತಾಗಿದಲ್ಲೇ ಸವೆದು ಮುರಿಯುತ್ತದೆ.

ಕೆಲಸ ಮಾಡಿಸುವಾಗ ಎರಡೂ ಕಡೆ ಒಟ್ಟಿಗೆ ಮಾಡಿಸಿ, ಆದರೆ ಒಮ್ಮೆಗೆ ಒಂದೇ ಕಡೆ ಬಿಚ್ಚಿಸಿ. ಇನ್ನೊಂದು ಕಡೆ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿರುತ್ತದೆ. ನಮ್ಮ ಮಳೆಗೆ, ಸೆಟ್ಟನ್ನು ಆಕ್ಸಲಿಗೆ ಬಿಗಿದು ಹಿಡಿಯುವ ಯು-ಬೋಲ್ಟ್ ನಟ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲಿಗೆ ಬೇರೆ ಜ್ಯಾಕ್ ಕೊಡಬೇಕು. ಬರೀ ಜ್ಯಾಕ್ ನಂಬಿ ಗಾಡಿಯ ಅಡಿಗೆ ಯಾರೂ ಹೋಗಕೂಡದು. ಸೆಂಟರ್ ಬೋಲ್ಟ್ ಬಿಚ್ಚುವ ಮುನ್ನ ಸೆಟ್ಟಿಗೆ ಎರಡೂ ಬದಿ ಸಿ-ಕ್ಲಾಂಪ್ ಬಿಗಿಯಬೇಕು, ಇಲ್ಲದಿದ್ದರೆ ಒತ್ತಿಟ್ಟ ಪ್ಲೇಟ್‌ಗಳು ಸಿಡಿದು ಕೈ ಮುರಿಯುತ್ತವೆ. ಹೊಸ ಪ್ಲೇಟ್ ಉದ್ದದ ಕ್ರಮದಲ್ಲಿ ತನ್ನ ಜಾಗಕ್ಕೇ ಬರಬೇಕು.

ಯು-ಬೋಲ್ಟ್ ಮತ್ತು ಸೆಂಟರ್ ಬೋಲ್ಟ್ ಎರಡನ್ನೂ ಹೊಸದೇ ಹಾಕಿಸಿ. ಪ್ಲೇಟ್ ಸೇರಿದಷ್ಟು ದಪ್ಪ ಹೆಚ್ಚುವುದರಿಂದ ಯು-ಬೋಲ್ಟೂ ಅಷ್ಟು ಉದ್ದವಿರಬೇಕು, ನಟ್ ಪೂರ್ತಿ ಕೂತ ಮೇಲೂ ಎರಡು ಮೂರು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂತದ್ದನ್ನು ಖಾತ್ರಿ ಮಾಡಿಕೊಂಡು, ನಾಲ್ಕು ನಟ್‌ಗಳನ್ನು ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದು, ಕಂಪನಿ ಹೇಳಿದ ಟಾರ್ಕಿಗೆ ತರಬೇಕು. ಪ್ಲೇಟ್ ನಡುವಿನಲ್ಲೇ ತುಂಡಾಗುವುದಕ್ಕೆ ದೊಡ್ಡ ಕಾರಣ ಸಡಿಲ ಯು-ಬೋಲ್ಟ್. ಸಡಿಲವಾದರೆ ಮೊದಲು ಸೆಂಟರ್ ಬೋಲ್ಟ್ ಕತ್ತರಿಸುತ್ತದೆ, ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿಯುತ್ತದೆ, ಗಾಡಿ ಓರೆಯಾಗಿ ಓಡತೊಡಗುತ್ತದೆ. ಶಾಕಲ್ (ಸೆಟ್ಟಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ಓಲಾಡುವ ಕೊಂಡಿ) ಮತ್ತು ಕಣ್ಣಿನ ಬೋಲ್ಟ್‌ಗಳ ಕೊನೆಯ ಬಿಗಿತ ಮಾತ್ರ ಚಕ್ರ ನೆಲಕ್ಕೂರಿ ಗಾಡಿಯ ಭಾರ ಬಿದ್ದ ಮೇಲೆ. ಎತ್ತಿದಾಗಲೇ ಬಿಗಿದರೆ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇನ್ನೊಂದು ಸಂಗತಿಯನ್ನು ನೀವೇ ನಿಂತು ನೋಡಬೇಕು, ಇದು ತೀರಾ ಮುಖ್ಯ. ಹಲವು ಪಿಕಪ್‌ಗಳಲ್ಲಿ ಚಾಸಿಯ ಮೇಲೆ ಒಂದು ಬ್ರೇಕ್ ವಾಲ್ವ್ ಇದ್ದು, ಅದರಿಂದ ಒಂದು ಕಡ್ಡಿ ಹಿಂದಿನ ಆಕ್ಸಲಿಗೆ ಹೋಗಿರುತ್ತದೆ. ಗ್ಯಾರೇಜಿನಲ್ಲಿ ಎಲ್‌ಎಸ್‌ಪಿವಿ ಎನ್ನುತ್ತಾರೆ. ಹಿಂಭಾಗ ಎಷ್ಟು ಕೂತಿದೆ ಎನ್ನುವುದನ್ನು ನೋಡಿಯೇ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುವುದು. ಪ್ಲೇಟ್ ಸೇರಿಸಿ ಹಿಂಭಾಗ ಎತ್ತರವಾದರೆ, ಪೂರ್ತಿ ಹೇರಿದ್ದರೂ ಗಾಡಿ ಖಾಲಿ ಇದೆ ಎಂದೇ ವಾಲ್ವ್ ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಸಮತಟ್ಟಿನ ಕುಶಾಲನಗರದ ಕಡೆ ಇದು ಗಮನಕ್ಕೇ ಬರದಿರಬಹುದು. ಮಡಿಕೇರಿಯಿಂದ ಸಂಪಾಜೆಗೆ ಭಾರ ಹೊತ್ತು ಇಳಿಯುವಾಗ ದುಡಿಮೆಯೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ಪೆಡಲ್ ತುಳಿದರೂ ಗಾಡಿ ನಿಲ್ಲದ ಸ್ಥಿತಿ ಬರುತ್ತದೆ. ಹಾಗಾಗಿ ಕೆಲಸ ಮುಗಿದ ಕೂಡಲೇ ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ತಕ್ಕಂತೆ ಸರ್ವಿಸ್ ಸೆಂಟರಿನಲ್ಲಿ ಹೊಂದಿಸಿಕೊಳ್ಳಿ. ಕಡ್ಡಿ ಬಿಚ್ಚಿ ತಂತಿಯಲ್ಲಿ ಕಟ್ಟಿಡುವುದು ಬೇಡವೇ ಬೇಡ. ಬ್ರೇಕ್ ಹೋಸ್ ಎಳೆದುಕೊಂಡಿದೆಯೇ ಎಂದು ಅದೇ ಹೊತ್ತಿನಲ್ಲಿ ನೋಡಿ. ಹಿಂಭಾಗ ಎದ್ದರೆ ಹೆಡ್‌ಲೈಟ್ ಬೆಳಕು ಕೆಳಗಿಳಿಯುತ್ತದೆ, ಅದನ್ನೂ ಸರಿ ಮಾಡಿಸಿ.

ಮೊದಲ ಲೋಡ್ ಇಳಿಸಿದ ಮೇಲೆ ಒಮ್ಮೆ, ಸುಮಾರು 500 ಕಿಮೀ ಆದ ಮೇಲೆ ಇನ್ನೊಮ್ಮೆ ಯು-ಬೋಲ್ಟ್ ಬಿಗಿ ನೋಡಿ. ಹೊಸ ಪ್ಲೇಟ್‌ಗಳ ನಡುವಿನ ಪೇಂಟ್ ಸವೆದು ಸೆಟ್ ಕೂರುವುದರಿಂದ ಬಿಗಿ ಇಳಿದೇ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ತೊಳೆದು ಒಣಗಿಸಿ, ಪ್ಲೇಟ್ ನಡುವೆ ಗ್ರಾಫೈಟ್ ಗ್ರೀಸ್ ಹಾಕಿಸಿ. ಎಂಜಿನ್ನಿನ ಹಳೆ ಆಯಿಲ್ ಸುರಿಯಬೇಡಿ, ರಬ್ಬರ್ ಬುಶ್ ಅದಕ್ಕೆ ಉಬ್ಬಿ ಹಾಳಾಗುತ್ತದೆ.