ಹಸಿರು ಸಂಶ್ಲೇಷಣೆ: ಬೇವಿನ ಎಲೆಯಲ್ಲಿ ಬೆಳ್ಳಿ ಇಲ್ಲ

‘ಬೇವಿನ ಎಲೆಯಿಂದ ಬೆಳ್ಳಿಯ ನ್ಯಾನೋಕಣ ಹೊರತೆಗೆದ ವಿದ್ಯಾರ್ಥಿಗಳು’ ಎಂಬ ಧಾಟಿಯ ಸಾಲುಗಳು ಸುದ್ದಿಗಳಲ್ಲಿ, ಪ್ರಾಜೆಕ್ಟ್ ವರದಿಗಳಲ್ಲಿ ಇನ್ನೂ ನಿಂತಿಲ್ಲ. ಬೇವಿನ ಎಲೆಯಲ್ಲಿ ತೆಗೆಯುವಷ್ಟು ಬೆಳ್ಳಿ ಇಲ್ಲ. ಇದ್ದಿದ್ದರೆ ಯಾವ ಊರ ಕಟ್ಟೆಯ ಮೇಲೂ ಒಂದು ಬೇವಿನ ಮರ ಉಳಿಯುತ್ತಿರಲಿಲ್ಲ. ಬೆಳ್ಳಿ ಬಂದದ್ದು ದುಡ್ಡು ಕೊಟ್ಟು ತಂದ ಸಿಲ್ವರ್ ನೈಟ್ರೇಟಿನ ಬಾಟಲಿಯಿಂದ. ಎಲೆ ಕೊಟ್ಟದ್ದು ಎಲೆಕ್ಟ್ರಾನುಗಳನ್ನು, ಜೊತೆಗೆ ಹುಟ್ಟಿದ ಕಣಗಳ ಮೇಲೆ ಕೂರುವ ಒಂದು ಹೊದಿಕೆಯನ್ನು. ಎಲೆಯ ರಸದಿಂದ ಮಾಡುವ ಹಸಿರು ಸಂಶ್ಲೇಷಣೆ ಅಂದರೆ ಇಷ್ಟೇ.

‘ಹಸಿರು’ ಎಂಬ ವಿಶೇಷಣ ಇಲ್ಲಿ ಬಣ್ಣಕ್ಕೂ ಸೇರಿದ್ದಲ್ಲ, ಎಲೆಗೂ ಸೇರಿದ್ದಲ್ಲ. ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರಕ್ಕೆ 12 ತತ್ತ್ವಗಳನ್ನು ಹೇಳಿದರು: ತ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದು, ಅಪಾಯಕಾರಿ ದ್ರಾವಕ ಬಿಡುವುದು, ಶಕ್ತಿ ಉಳಿಸುವುದು ಇತ್ಯಾದಿ. ಲೋಹದ ನ್ಯಾನೋಕಣಗಳಿಗೆ ಬಂದರೆ ಮೂರು ಪ್ರಶ್ನೆ ಕೇಳಬೇಕು. ದ್ರಾವಕ ಯಾವುದು? ಎಲೆಕ್ಟ್ರಾನ್ ಕೊಡುವುದು ಯಾವುದು? ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವುದು ಯಾವುದು? 2003ರಲ್ಲಿ ಸಿಲ್ವರ್ ನೈಟ್ರೇಟಿಗೆ ನೀರು, ಗ್ಲೂಕೋಸ್, ಪಿಷ್ಟ ಈ ಮೂರನ್ನೇ ಸೇರಿಸಿ ಬೆಳ್ಳಿಯ ಕಣ ಮಾಡಿ ತೋರಿಸಿದ್ದಾರೆ. ಅದರಲ್ಲಿ ಒಂದು ಎಲೆಯೂ ಇರಲಿಲ್ಲ, ಆದರೂ ಅದು ಹಸಿರು ಸಂಶ್ಲೇಷಣೆಯೇ. ಎಲೆಯನ್ನು ಮೆಥನಾಲ್‌ನಲ್ಲಿ ನೆನೆಸಿ ರಸ ತೆಗೆದು ಅದನ್ನು ‘ಹಸಿರು’ ಅನ್ನುವವರಿದ್ದಾರೆ. ಅಲ್ಲಿ ಹಸಿರಾಗಿರುವುದು ರಸದ ಬಣ್ಣವೊಂದೇ. ನೀರಿನಲ್ಲಿ ಕುದಿಸಿ ಸೋಸಿದ ರಸ ಸಾಮಾನ್ಯವಾಗಿ ಹಸಿರಾಗಿಯೂ ಇರುವುದಿಲ್ಲ, ಹಳದಿ ಇಲ್ಲವೇ ಕಂದಾಗಿರುತ್ತದೆ, ಏಕೆಂದರೆ ಪತ್ರಹರಿತ್ತು ನೀರಿನಲ್ಲಿ ಕರಗದು. ದ್ಯುತಿಸಂಶ್ಲೇಷಣೆಯ ಜೊತೆ ಇದನ್ನು ಗಂಟು ಹಾಕುವುದೂ ಬೇಡ. ಇದಕ್ಕೆ ಬಿಸಿಲು ಬೇಕಿಲ್ಲ. ಸಾವಯವ ಪದಾರ್ಥ ಬೆರೆತ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುವುದರಿಂದ ಫ್ಲಾಸ್ಕಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಡುವುದೇ ರೂಢಿ.

ನಿಜವಾದ ತೊಡಕಿರುವುದು ‘ರಿಡಕ್ಷನ್’ ಎಂಬ ಮಾತಿನಲ್ಲಿ. ನಮ್ಮ ಪಠ್ಯಪುಸ್ತಕಗಳು ಅದಕ್ಕೆ ‘ಅಪಕರ್ಷಣ’ ಎಂಬ ಒಳ್ಳೆಯ ಪದ ಕೊಟ್ಟಿವೆ. ಹತ್ತನೇ ತರಗತಿ ದಾಟಿದ ಮೇಲೆ ಅದನ್ನು ಮರೆತು ‘ಕಡಿತ’, ‘ಕುಗ್ಗಿಸುವಿಕೆ’ ಎಂದು ಬರೆಯಲು ಶುರು ಮಾಡುತ್ತಾರೆ. ಅಲ್ಲಿಂದ ‘ಎಲೆಯ ರಸ ಬೆಳ್ಳಿಯನ್ನು ನ್ಯಾನೋ ಗಾತ್ರಕ್ಕೆ ಕುಗ್ಗಿಸುತ್ತದೆ’ ಎಂಬ ವಾಕ್ಯ ಹುಟ್ಟುತ್ತದೆ. ಓದಿದವರು ರಸವೇನೋ ಲೋಹವನ್ನು ಅರೆಯುತ್ತಿದೆ ಅಂದುಕೊಳ್ಳುತ್ತಾರೆ. ಆ ಪದದ ಲ್ಯಾಟಿನ್ ಮೂಲದ ಅರ್ಥ ‘ಹಿಂದಕ್ಕೆ ಕರೆತರುವುದು’. ಅದಿರನ್ನು ಕುಲುಮೆಯಲ್ಲಿ ಕಾಯಿಸಿ ಮರಳಿ ಲೋಹವಾಗಿಸುವ ಕೆಲಸಕ್ಕೆ ಆ ಹೆಸರಿತ್ತು. ಈಗಿನ ಅರ್ಥ ಎಲೆಕ್ಟ್ರಾನ್ ಪಡೆಯುವುದು. ಬೆಳ್ಳಿಯ ಒಂದು ಅಯಾನು (ಒಂದು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಒಂದು ಎಲೆಕ್ಟ್ರಾನ್ ಪಡೆದು ಬೆಳ್ಳಿಯ ಪರಮಾಣುವಾಗುತ್ತದೆ. ಅಂಥ ಪರಮಾಣುಗಳು ಗುಂಪುಗೂಡಿ ಬೀಜವಾಗುತ್ತವೆ, ಬೀಜ ಬೆಳೆದು ಕಣವಾಗುತ್ತದೆ. ಅಂದರೆ ಇಲ್ಲಿ ಏನೂ ಕುಗ್ಗುತ್ತಿಲ್ಲ, ಎಲ್ಲವೂ ಬೆಳೆಯುತ್ತಿದೆ. 20 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಅಡ್ಡಳತೆಯ ಒಂದು ಬೆಳ್ಳಿ ಗುಂಡಿನಲ್ಲಿ ಸುಮಾರು 2.5 ಲಕ್ಷ ಪರಮಾಣುಗಳಿರುತ್ತವೆ. ಅವೆಲ್ಲ ಮೊದಲು ನೀರಿನಲ್ಲಿ ಬಿಡಿಬಿಡಿಯಾಗಿ ಅಲೆಯುತ್ತಿದ್ದ ಅಯಾನುಗಳೇ. ಬೆಳವಣಿಗೆ ಮಿತಿ ಮೀರದಂತೆ ತಡೆಯುವುದು ಕ್ಯಾಪಿಂಗ್: ರಸದ ಪ್ರೋಟೀನ್, ಒಗರು ಕೊಡುವ ಪಾಲಿಫೀನಾಲ್, ಸಕ್ಕರೆಗಳು ಕಣದ ಮೈಗೆ ಹತ್ತುತ್ತವೆ, ಚಪಾತಿ ಉಂಡೆಗಳು ಒಂದಕ್ಕೊಂದು ಅಂಟದಿರಲೆಂದು ಸವರುವ ಒಣಹಿಟ್ಟಿನಂತೆ.

ಈ ಅರ್ಥ ತಿಳಿಯದಿದ್ದರೆ ಆಗುವ ಅನಾಹುತಕ್ಕೆ ಸತುವೇ (ಜಿಂಕ್) ಸಾಕ್ಷಿ. ‘ಎಲೆಯ ರಸದಿಂದ ಜಿಂಕ್ ನೈಟ್ರೇಟನ್ನು ಅಪಕರ್ಷಿಸಿ ಜಿಂಕ್ ಆಕ್ಸೈಡ್ ನ್ಯಾನೋಕಣ ಪಡೆಯಲಾಯಿತು’ ಎಂಬ ವಾಕ್ಯ ಪ್ರಬಂಧದಿಂದ ಪ್ರಬಂಧಕ್ಕೆ ನಕಲಾಗುತ್ತಲೇ ಇದೆ. ಜಿಂಕ್ ನೈಟ್ರೇಟಿನಲ್ಲಿ ಸತುವಿನ ಉತ್ಕರ್ಷಣ ಸಂಖ್ಯೆ +2. ಜಿಂಕ್ ಆಕ್ಸೈಡಿನಲ್ಲೂ +2. ಸತುವಿಗೆ ಎಲೆಕ್ಟ್ರಾನೇ ಸಿಕ್ಕಿಲ್ಲ, ಅಪಕರ್ಷಣ ಎಲ್ಲಿಂದ ಬಂತು? ಎಲೆಗೆ ಅದು ಸಾಧ್ಯವೂ ಇಲ್ಲ. ಎಲೆಕ್ಟ್ರಾನ್ ಸೆಳೆಯುವ ಒಲವನ್ನು ಅಳೆಯುವ ಪ್ರಮಾಣಿತ ಎಲೆಕ್ಟ್ರೋಡ್ ವಿಭವ ನೋಡಿ, ಅದು ಹೆಚ್ಚಿದಷ್ಟೂ ಸೆಳೆತ ಹೆಚ್ಚು: ಚಿನ್ನದ ಕ್ಲೋರೈಡಿಗೆ ಸುಮಾರು +1.00 ವೋಲ್ಟ್, ಬೆಳ್ಳಿಗೆ +0.80, ತಾಮ್ರಕ್ಕೆ +0.34, ಸತುವಿಗೆ −0.76. ಚಿನ್ನ, ಬೆಳ್ಳಿ ಎಲೆಕ್ಟ್ರಾನಿಗಾಗಿ ಬಾಯಿ ಬಿಟ್ಟು ಕೂತಿರುತ್ತವೆ, ಪಾಲಿಫೀನಾಲ್ ಕೊಟ್ಟರೂ ಸಾಕು. ತಾಮ್ರದ ಮಟ್ಟಕ್ಕೆ ಬಂದಾಗಲೇ ಕಷ್ಟ ಶುರು, ಆದ ಕಣವೂ ಗಾಳಿಗೆ ಬೇಗ ಆಕ್ಸೈಡ್ ಆಗುತ್ತದೆ. ಸತುವಿನ ವಿಷಯದಲ್ಲಿ ಎಲೆಯ ರಸ ಮಾಡುವುದು ಬೇರೆಯೇ ಕೆಲಸ. ಅದು ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೈಡ್ರಾಕ್ಸೈಡ್ ಅಥವಾ ಸಾವಯವ ಸಂಕೀರ್ಣವಾಗಿ ತಳಕ್ಕೆ ಇಳಿಸುತ್ತದೆ. ಅದನ್ನು 400–500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಟ್ಟ ಮೇಲೆ ಆಕ್ಸೈಡ್ ಬರುತ್ತದೆ.

ನಮ್ಮಲ್ಲಿ ಪ್ರಚಲಿತವಾದ ಇನ್ನೊಂದು ವಿಧಾನದಲ್ಲಿ ಎಲೆಯ ರಸ ಬರೀ ಇಂಧನ. ಲೋಹದ ನೈಟ್ರೇಟಿಗೆ ಯೂರಿಯಾದಂಥ ಇಂಧನ ಬೆರೆಸಿ, ಬಿಸಿ ಕುಲುಮೆಗಿಟ್ಟು ಭಗ್ಗೆಂದು ಉರಿಸುವ ದ್ರಾವಣ ದಹನ ವಿಧಾನವನ್ನು 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರ ಗುಂಪು ಬೆಳೆಸಿತು. ಯೂರಿಯಾ ಜಾಗಕ್ಕೆ ಎಲೆಯ ರಸ ಹಾಕುವುದು ಅದರದೇ ಮರಿ. ಸೊಗಸಾದ ವಿಧಾನ, ಆದರೆ ಅದನ್ನು ದಹನ ಎಂದೇ ಕರೆಯಬೇಕು.

ಕಬ್ಬಿಣದ ಕತೆ ಇನ್ನೂ ತಮಾಷೆ. ಚಹಾದ ಕಷಾಯಕ್ಕೆ ಕಬ್ಬಿಣದ ಲವಣ ಹಾಕಿದ ತಕ್ಷಣ ಕಪ್ಪಾಗುತ್ತದೆ. ‘ಶೂನ್ಯ ವೇಲೆನ್ಸಿಯ ಕಬ್ಬಿಣದ ನ್ಯಾನೋಕಣ ಸಿದ್ಧ’ ಎಂದು ಬರೆದುಬಿಡುತ್ತಾರೆ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿ ಹಿಂದಿನವರು ಮಾಡುತ್ತಿದ್ದ ಮಸಿ ಇದೇ: ಕಬ್ಬಿಣ ಮತ್ತು ಟ್ಯಾನಿನ್‌ಗಳ ಸಂಕೀರ್ಣ. ಬಣ್ಣ ಬದಲಾದ ಮಾತ್ರಕ್ಕೆ ಲೋಹ ಹುಟ್ಟಿತು ಅನ್ನುವಂತಿಲ್ಲ.

ಬೆಳ್ಳಿಯಲ್ಲಿ ಬಣ್ಣದ ಮಾತಿಗೆ ಸ್ವಲ್ಪ ಬೆಲೆ ಇದೆ. ರೂಢಿಯ ಅಳತೆ ಹೀಗೆ. ತೊಳೆದು ಹೆಚ್ಚಿದ 10 ಗ್ರಾಂ ಎಲೆಯನ್ನು 100 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ 5–10 ನಿಮಿಷ ಕುದಿಸಿ, ಆರಿಸಿ, ಸೋಸುಕಾಗದದಲ್ಲಿ ಸೋಸುವುದು. 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ 1 ಮಿಲಿಮೋಲಾರ್ ದ್ರಾವಣ. ಅದರ 90 ಮಿ.ಲೀ.ಗೆ 10 ಮಿ.ಲೀ. ರಸ. ತಿಳಿಹಳದಿ ಕ್ರಮೇಣ ಕಂದಾಗುತ್ತದೆ. ಗಿಡ, ಉಷ್ಣತೆ, ಪಿಎಚ್ ನೋಡಿಕೊಂಡು ಕೆಲವು ನಿಮಿಷವೂ ಆಗಬಹುದು, ಒಂದು ದಿನವೂ ಹಿಡಿಯಬಹುದು. ದ್ರಾವಣ ಯಾವ ತರಂಗದ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 400–450 ನ್ಯಾನೋಮೀಟರ್ ನಡುವೆ ಒಂದು ಗುಡ್ಡ ಏಳುತ್ತದೆ. ಚಿನ್ನವಾದರೆ ಬಣ್ಣ ಮಾಣಿಕ್ಯ ಕೆಂಪಿನ ಕಡೆಗೆ, ಗುಡ್ಡ 520ರ ಆಚೆ. ಗುಡ್ಡ ಅಗಲವಾಗಿ ಉದ್ದ ತರಂಗಗಳ ಕಡೆಗೆ ಬಾಲ ಎಳೆದಿದ್ದರೆ ಕಣಗಳು ಗಂಟು ಕಟ್ಟಿವೆ ಎಂದೇ ಅನುಮಾನಿಸಬೇಕು.

ಪಿಎಚ್ 8–9ಕ್ಕೆ ಏರಿಸಿದರೆ ಕೆಲಸ ಚುರುಕಾಗುತ್ತದೆ, ಏಕೆಂದರೆ ಪ್ರೋಟಾನ್ ಕಳಚಿಕೊಂಡ ಪಾಲಿಫೀನಾಲ್ ಎಲೆಕ್ಟ್ರಾನನ್ನು ಸುಲಭವಾಗಿ ಬಿಡುತ್ತದೆ. ಕ್ಷಾರ ಅತಿಯಾದರೆ ಸಿಲ್ವರ್ ಆಕ್ಸೈಡ್ ಇಳಿಯುತ್ತದೆ. ಅದೂ ಕಂದೇ, ಮೋಸ ಹೋಗುವುದು ಸುಲಭ. ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ: ಆ 90 ಮಿ.ಲೀ.ಯಲ್ಲಿರುವ ಅಷ್ಟೂ ಬೆಳ್ಳಿ 10 ಮಿಲಿಗ್ರಾಂ ಕೂಡ ತುಂಬದು. ಒಣಗಿಸಿದಾಗ 100 ಮಿಲಿಗ್ರಾಂ ‘ನ್ಯಾನೋಪುಡಿ’ ಸಿಕ್ಕಿತೆಂದರೆ ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಒಣಗಿದ ಕಷಾಯ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ ಕದಡುವುದನ್ನು ಮೂರು ಸಲವಾದರೂ ಮಾಡಬೇಕು.

ಬಿಳಿ ಮಬ್ಬು ಕಂಡರೆ ಕ್ಲೋರೈಡ್. ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಬಳಸಿದ ಗಾಜು ಸಾಕು, ಸಿಲ್ವರ್ ಕ್ಲೋರೈಡ್ ಆಗಿಬಿಡುತ್ತದೆ. ಗಿಡದ ರಸದಲ್ಲೇ ಕ್ಲೋರೈಡ್ ಇರುತ್ತದೆ. ಸ್ಫಟಿಕ ಯಾವುದೆಂದು ಗುರುತಿಸುವ ಎಕ್ಸ್-ರೇ ವಿವರ್ತನೆಯ ಚಿತ್ರದಲ್ಲಿ ಬೆಳ್ಳಿಯ ಶಿಖರಗಳು 38.1, 44.3, 64.4, 77.4 ಡಿಗ್ರಿಗಳಲ್ಲಿ ಬರಬೇಕು. ಎಷ್ಟೋ ಚಿತ್ರಗಳಲ್ಲಿ 27.8, 32.2, 46.2ರಲ್ಲೂ ಶಿಖರಗಳಿರುತ್ತವೆ; ಅವಕ್ಕೆ ‘ರಸದ ಜೈವಿಕ ಪದಾರ್ಥಗಳ ಸ್ಫಟಿಕೀಕರಣ’ ಎಂಬ ವಿವರಣೆ ಬೇರೆ. ಅದು ಅಚ್ಚುಕಟ್ಟಾದ ಸಿಲ್ವರ್ ಕ್ಲೋರೈಡ್. 32.2ರ ಶಿಖರವೇ ಎಲ್ಲಕ್ಕಿಂತ ಎತ್ತರವಿದ್ದರೆ ಲೇಖನದ ಶೀರ್ಷಿಕೆಯನ್ನೇ ಬದಲಿಸಬೇಕಾಗುತ್ತದೆ. ಬೆಳ್ಳಿಯ ಶಿಖರಗಳ ಅಗಲದಿಂದ ಲೆಕ್ಕ ಹಾಕಿದ್ದು ಸ್ಫಟಿಕದ ಗಾತ್ರವೇ ಹೊರತು ಕಣದ್ದಲ್ಲ ಎಂಬುದನ್ನೂ ನೆನಪಿಡಬೇಕು.

ಸೂಕ್ಷ್ಮಜೀವಿಗಳ ದಾರಿಗೂ ‘ಹಸಿರು’ ಎಂಬ ಚೀಟಿಯನ್ನೇ ಅಂಟಿಸುತ್ತಾರೆ. ‘ಜೈವಿಕ ಸಂಶ್ಲೇಷಣೆ’ ಅಂದರೆ ಹೆಚ್ಚು ಸರಿ. ಬೆಳ್ಳಿ ಗಣಿಯಿಂದ ಪ್ರತ್ಯೇಕಿಸಿದ ಸ್ಯೂಡೋಮೊನಾಸ್ ಸ್ಟಟ್ಜೆರಿ ಬ್ಯಾಕ್ಟೀರಿಯಾ ತನ್ನ ಕೋಶದೊಳಗೇ 200 ನ್ಯಾನೋಮೀಟರ್‌ವರೆಗಿನ ಬೆಳ್ಳಿ ಸ್ಫಟಿಕ ಕಟ್ಟುತ್ತದೆಂದು 1999ರಲ್ಲಿ ವರದಿಯಾಯಿತು. ಕಣ ಒಳಗಿದ್ದರೆ ಕೋಶ ಒಡೆದು ತೆಗೆಯಬೇಕು, ಅದೇ ತಲೆನೋವು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ಗುಂಪು 2003ರಲ್ಲಿ ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರ ಕೋಶದ ಹೊರಗೇ ಬೆಳ್ಳಿಯ ಕಣ ಮಾಡುವುದನ್ನು ತೋರಿಸಿತು. ಮರುವರ್ಷ ಬೇವು ಮತ್ತು ಮಜ್ಜಿಗೆ ಹುಲ್ಲಿನ ರಸದ ಕೆಲಸವೂ ಅಲ್ಲಿಂದಲೇ ಬಂತು. ಈ ಶಿಲೀಂಧ್ರದ ಒಂದು ಬಗೆಯೇ ನಂಜನಗೂಡು ರಸಬಾಳೆಯ ತೋಟಗಳನ್ನು ಸೊರಗಿಸಿದ ಪನಾಮ ರೋಗಕ್ಕೆ ಕಾರಣ. ಪ್ರಯೋಗ ಮುಗಿದ ಫ್ಲಾಸ್ಕನ್ನು ಆಟೋಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಜೀವಿಗಳನ್ನು ಕೊಲ್ಲದೆ) ಚರಂಡಿಗೆ ಸುರಿದರೆ ಅದನ್ನು ಯಾವ ಬಾಯಲ್ಲಿ ಹಸಿರು ಅನ್ನುವುದು?

ಇಲ್ಲಿ ಎಡವುವುದು ಬೆಳೆಮಾಧ್ಯಮದಲ್ಲಿ. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಎಲ್‌ಬಿ ಮಾಧ್ಯಮದ ಒಂದು ಸಾಮಾನ್ಯ ಪಾಕದಲ್ಲಿ ಲೀಟರಿಗೆ 10 ಗ್ರಾಂ ಉಪ್ಪಿರುತ್ತದೆ, ಅಂದರೆ ಸುಮಾರು 171 ಮಿಲಿಮೋಲಾರ್ ಕ್ಲೋರೈಡ್. ಅದಕ್ಕೆ 1 ಮಿಲಿಮೋಲಾರ್ ಬೆಳ್ಳಿ ಹಾಕಿದರೆ ಮೊದಲು ಸಿಗುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ಯೀಸ್ಟ್ ಸಾರ, ಗ್ಲೂಕೋಸ್ ತಾವಾಗಿಯೇ ಬೆಳ್ಳಿಯನ್ನು ಅಪಕರ್ಷಿಸಬಲ್ಲವು. ಅದಕ್ಕಾಗಿ ಶಿಲೀಂಧ್ರವನ್ನು ಮಾಧ್ಯಮದಿಂದ ಎತ್ತಿ, ಶುದ್ಧ ನೀರಿನಲ್ಲಿ ಹಲವು ಸಲ ತೊಳೆದು, ಬರೀ ನೀರಿನಲ್ಲಿಟ್ಟ ಮೇಲೆ ಬೆಳ್ಳಿ ಸೇರಿಸಬೇಕು. ಪಕ್ಕದಲ್ಲಿ ಜೀವಿಯಿಲ್ಲದ ಮಾಧ್ಯಮದ ಒಂದು ಫ್ಲಾಸ್ಕ್, ಕೊಂದ ಜೀವಿಯ ಇನ್ನೊಂದು ಫ್ಲಾಸ್ಕ್ ಇರಲೇಬೇಕು. ಅವೂ ಕಂದಾದರೆ ‘ಕಿಣ್ವದ ಕೆಲಸ’ ಎಂಬ ವಾದ ಬಿದ್ದುಹೋಗುತ್ತದೆ.

ಕೊನೆಯದಾಗಿ ‘ಹಸಿರು, ಆದ್ದರಿಂದ ವಿಷವಲ್ಲ’ ಎಂಬ ಮಾತು. ಹಸಿರು ಅನ್ನುವುದು ಮಾಡುವ ಬಗೆಗೆ, ಸಿಕ್ಕ ಕಣಕ್ಕಲ್ಲ. ಬೇವಿನಿಂದ ಮಾಡಿದ ಬೆಳ್ಳಿಯೂ ಅಯಾನು ಬಿಡುತ್ತದೆ, ಆ ಅಯಾನು ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಕೆರೆಯ ಜೀವಿಗಳನ್ನೂ ಬಿಡುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಅವು ಸತ್ತ ವೃತ್ತ ತೋರಿಸಿ ‘ನ್ಯಾನೋಕಣದ ಪ್ರಭಾವ’ ಅನ್ನುವ ಮೊದಲು ಅಷ್ಟೇ ಬೆಳ್ಳಿಯಿರುವ ಸಿಲ್ವರ್ ನೈಟ್ರೇಟ್, ಬರೀ ಎಲೆಯ ರಸ, ಕಣ ಬೇರ್ಪಡಿಸಿ ಉಳಿದ ಮೇಲಿನ ನೀರು, ಈ ಮೂರನ್ನೂ ಅದೇ ತಟ್ಟೆಯಲ್ಲಿ ಇಟ್ಟು ನೋಡಬೇಕು. ಮೇಲಿನ ನೀರೂ ಅಷ್ಟೇ ದೊಡ್ಡ ವೃತ್ತ ಕೊಟ್ಟರೆ, ಕೊಂದದ್ದು ಅಪಕರ್ಷಣವಾಗದೆ ಉಳಿದ ಬೆಳ್ಳಿ ಅಯಾನು.