‘ಬ್ಲಾಕ್ ಆಗಿದೆ’ ಅನ್ನುವ ಮುಂಚೆ

ಹೋದ ವಾರ ಮೂರು ಮನೆಗಳಿಂದ ಒಂದೇ ಮಾತು ಕೇಳಿದೆ: "ಟ್ಯೂಬ್ ಬ್ಲಾಕ್ ಆಗಿದೆ." ಮೂರೂ ಕಡೆ ಮನೆಯಲ್ಲೇ ಪಿಡಿ (ಪೆರಿಟೋನಿಯಲ್ ಡಯಾಲಿಸಿಸ್), ಅಂದರೆ ಟ್ಯೂಬಿನಿಂದ ಹೊಟ್ಟೆಯೊಳಗೆ ದ್ರವ ತುಂಬಿ ಆಮೇಲೆ ಹೊರಗೆ ಬಿಡುವ ಡಯಾಲಿಸಿಸ್, ಮಾಡಿಕೊಳ್ಳುವವರು ಇದ್ದಾರೆ. ಮೂರೂ ಕಡೆ ದ್ರವ ಒಳಗೆ ಸಲೀಸಾಗಿ ಹೋಗಿತ್ತು, ಹೊರಗೆ ಬರುವಾಗ ತೊಂದರೆಯಾಗಿತ್ತು. ಒಬ್ಬರಿಗೆ ನಾಲ್ಕು ದಿನದಿಂದ ಮಲ ಸರಿಯಾಗಿ ಹೋಗಿರಲಿಲ್ಲ. ಇನ್ನೊಬ್ಬರಿಗೆ ಡ್ರೇನ್ ಶುರುವಾಗುವ ಹೊತ್ತಿಗೆ ಪೈಪು ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಮೂರನೆಯವರಿಗೆ ಹೊಟ್ಟೆಯೊಳಗೆ ಹಾಕಿದ ಟ್ಯೂಬಿನ, ಅಂದರೆ ಕ್ಯಾಥೆಟರಿನ, ತುದಿ ಇರಬೇಕಾದ ಜಾಗ ಬಿಟ್ಟು ಮೇಲೆ ಹೋಗಿತ್ತು. ಅದು ಎಕ್ಸ್‌ರೇ ತೆಗೆದ ಮೇಲೆ ಗೊತ್ತಾಯಿತು. ಈ ಮೂವರಲ್ಲಿ ಒಬ್ಬರ ಟ್ಯೂಬಿನ ಒಳಗೂ ಏನೂ ಕಟ್ಟಿಕೊಂಡಿರಲಿಲ್ಲ. ಆದರೂ ಮೂರಕ್ಕೂ ಒಂದೇ ಹೆಸರು.

ಫಿಲ್ (ದ್ರವ ತುಂಬುವುದು), ಡ್ವೆಲ್ (ಅದನ್ನು ಒಳಗೆ ಇಟ್ಟುಕೊಳ್ಳುವುದು), ಡ್ರೇನ್ (ಹೊರಗೆ ಬಿಡುವುದು) ಇವೆಲ್ಲ ಪಿಡಿ ಮನೆಗಳಲ್ಲಿ ದಿನಾ ಬಳಸುವ ಪದಗಳು. ಅವನ್ನು ಇದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದಿಲ್ಲ. ನನ್ನ ತಕರಾರು ಈ ‘ಬ್ಲಾಕ್’ ಬಗ್ಗೆ ಮಾತ್ರ.

ಇದು ಡಚ್ ಕಡೆಯಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಪದ. ಮೂಲದಲ್ಲಿ ಬ್ಲಾಕ್ ಅಂದರೆ ಮರದ ದಿಮ್ಮಿ. ದಾರಿಗೆ ಅಡ್ಡ ಬಿದ್ದ ದಿಮ್ಮಿ ಅಂದುಕೊಳ್ಳಿ. ಈ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರವೂ ಅದೇ. ಟ್ಯೂಬಿನೊಳಗೆ ಏನೋ ಸಿಕ್ಕಿಕೊಂಡಿದೆ, ಅದನ್ನು ತಳ್ಳಬೇಕು, ಇಲ್ಲವೇ ಎಳೆಯಬೇಕು. ಅಪಾಯ ಶುರುವಾಗುವುದೇ ಇಲ್ಲಿಂದ. ಸಿರಿಂಜ್ ತಂದು ಒತ್ತಿ ನೋಡೋಣವೇ ಅನ್ನುವ ಯೋಚನೆ ಹುಟ್ಟುವುದು ಈ ಚಿತ್ರದಿಂದಲೇ. ದಯವಿಟ್ಟು ಮನೆಯಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಸಿರಿಂಜಿನಿಂದ ಎಳೆದರೆ ಒಳಗಿನ ಮೆತ್ತನೆಯ ಪದರ ಕ್ಯಾಥೆಟರಿನ ರಂಧ್ರಗಳಿಗೆ ಹೀರಿಕೊಂಡು ಪೆಟ್ಟಾಗಬಹುದು. ಮುಚ್ಚಿಕೊಂಡಿರಬೇಕಾದ ದಾರಿಯನ್ನು ಒಮ್ಮೆ ಬಿಚ್ಚಿದರೆ ಸೋಂಕಿಗೆ ಬಾಗಿಲು ತೆರೆದ ಹಾಗೆ. ಆಸ್ಪತ್ರೆಯ ಪಿಡಿ ಯೂನಿಟ್ಟಿನಲ್ಲಿ ನರ್ಸ್ ಸಿರಿಂಜ್ ಹಿಡಿದು ಫ್ಲಶ್ ಮಾಡಿದ್ದನ್ನು ನೀವು ನೋಡಿರಬಹುದು. ಅವರು ಎಷ್ಟು ಮೆಲ್ಲಗೆ ಮಾಡುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಅನ್ನೋದು ಪಕ್ಕದಲ್ಲಿ ನಿಂತು ನೋಡಿದವರಿಗೆ ಗೊತ್ತಾಗುವುದಿಲ್ಲ.

‘ಬ್ಲಾಕ್’ ಬದಲು ‘ಕ್ಯಾಥೆಟರ್’ ಅನ್ನುವ ಪದವನ್ನೇ ಒಡೆದು ನೋಡಿದರೆ ವಿಷಯ ಎಷ್ಟೋ ತಿಳಿಯಾಗುತ್ತದೆ. ಅದು ಗ್ರೀಕ್ ಪದ. ‘ಕತಾ’ ಅಂದರೆ ಕೆಳಕ್ಕೆ. ‘ಹಿಯೆನೈ’ ಅಂದರೆ ಕಳಿಸು, ಬಿಡು. ಕೆಳಕ್ಕೆ ಇಳಿಬಿಟ್ಟದ್ದು ಕ್ಯಾಥೆಟರ್. ಪಿಡಿ ಮಟ್ಟಿಗೆ ಈ ‘ಕೆಳಕ್ಕೆ’ ಅನ್ನುವುದೇ ಮುಖ್ಯ. 1968ರಲ್ಲಿ ಹೆನ್ರಿ ಟೆಂಕಾಫ್ ಅವರು ತೋರಿಸಿಕೊಟ್ಟ ಮೆತ್ತನೆಯ ಸಿಲಿಕೋನ್ ಕ್ಯಾಥೆಟರನ್ನೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇವತ್ತಿಗೂ ಬಳಸುತ್ತಾರೆ. ಒಳಗಿರುವ ತುದಿಯ ಭಾಗದಲ್ಲಿ ತುಂಬಾ ಸಣ್ಣ ಸಣ್ಣ ರಂಧ್ರಗಳಿವೆ. ಆ ತುದಿ ಕಿಬ್ಬೊಟ್ಟೆಯ ತಳದಲ್ಲಿ, ನೀರು ತಾನಾಗಿ ಬಂದು ನಿಲ್ಲುವ ಜಾಗದಲ್ಲಿ ಕೂತಿರಬೇಕು. ಕೈಯಿಂದ ಮಾಡುವ ಪಿಡಿಯಲ್ಲಿ ಪಂಪ್ ಅನ್ನೋದೇ ಇಲ್ಲ. ಬ್ಯಾಗ್ ಕೆಳಗಿದೆ, ಹೊಟ್ಟೆ ಮೇಲಿದೆ, ಅಷ್ಟೇ. ತುದಿ ತಳದಲ್ಲಿದ್ದು, ರಂಧ್ರಗಳು ತೆರೆದಿದ್ದು, ಪೈಪು ನೇರವಾಗಿದ್ದರೆ ನೀರು ಇಳಿಯುತ್ತದೆ. ಈ ಮೂರರಲ್ಲಿ ಯಾವುದು ಕೆಟ್ಟಿದೆ ಅನ್ನೋದು ಪ್ರಶ್ನೆ. ‘ಬ್ಲಾಕ್’ ಅನ್ನುವ ಪದ ಆ ಪ್ರಶ್ನೆಯನ್ನು ಕೇಳಲು ಬಿಡುವುದೇ ಇಲ್ಲ.

ಕನ್ನಡದಲ್ಲಿ ಇದಕ್ಕೆ ಒಂದಲ್ಲ, ಐದು ಒಳ್ಳೆಯ ಕ್ರಿಯಾಪದಗಳಿವೆ. ಮಡಚಿಕೊಳ್ಳುವುದು, ಕಟ್ಟಿಕೊಳ್ಳುವುದು, ಒತ್ತಿಕೊಳ್ಳುವುದು, ಜರುಗುವುದು, ಸುತ್ತಿಕೊಳ್ಳುವುದು. ಐದಕ್ಕೂ ಕಾರಣ ಬೇರೆ, ಉಪಾಯ ಬೇರೆ. ಇಷ್ಟನ್ನೂ ಬಿಟ್ಟು ನಾವು ಒಂದು ದಿಮ್ಮಿಯನ್ನು ಹಿಡಿದುಕೊಂಡಿದ್ದೇವೆ.

ಮಡಚಿಕೊಳ್ಳುವುದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸೊಂಟದ ಪಟ್ಟಿಯ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ, ಮಲಗಿದಾಗ ಮೈ ಕೆಳಗೆ ನೋಡಿ. ಪೈಪನ್ನು ಬಿಗಿಹಿಡಿಯುವ ಕ್ಲಾಂಪ್ ಬಿಚ್ಚಿದೆಯಾ, ಕ್ಯಾಥೆಟರಿನ ಹೊರತುದಿಗೆ ಜೋಡಿಸಿದ ಗಿಡ್ಡ ಪೈಪಿನ, ಅಂದರೆ ಟ್ರಾನ್ಸ್‌ಫರ್ ಸೆಟ್ಟಿನ ತಿರುಗಣೆ ಪೂರ್ತಿ ತೆರೆದಿದೆಯಾ ನೋಡಿ. ಡ್ರೇನ್ ಬ್ಯಾಗ್ ಹೊಟ್ಟೆಗಿಂತ ಚೆನ್ನಾಗಿ ಕೆಳಗಿದೆಯಾ ಅನ್ನೋದನ್ನೂ ನೋಡಿ. ಇದು ಒಂದು ನಿಮಿಷದ ಕೆಲಸ. ಇಷ್ಟು ಮಾಡದೆ ಫೋನ್ ಎತ್ತಿಕೊಂಡರೆ ನರ್ಸ್ ಮೊದಲು ಕೇಳುವುದೂ ಇದನ್ನೇ.

ಕಟ್ಟಿಕೊಳ್ಳುವುದು ಅಂದರೆ ನಿಜವಾಗಿ ಟ್ಯೂಬಿನ ಒಳಗೆ ಅಡ್ಡಿ ಇರುವುದು. ‘ಬ್ಲಾಕ್’ ಪದ ಸರಿಯಾಗಿ ಹೊಂದುವುದು ಇದೊಂದಕ್ಕೆ. ಸಾಮಾನ್ಯವಾಗಿ ಅದು ಫೈಬ್ರಿನ್, ರಕ್ತ ಹೆಪ್ಪುಗಟ್ಟುವಾಗ ಉಂಟಾಗುವ ಪ್ರೋಟೀನ್. ಬ್ಯಾಗನ್ನು ಬೆಳಕಿಗೆ ಹಿಡಿದರೆ ಬಿಳಿ ದಾರದ ಎಳೆಯ ಹಾಗೆ, ಕೆಲವೊಮ್ಮೆ ಹತ್ತಿಯ ಚೂರಿನ ಹಾಗೆ ತೇಲುವುದು ಅದೇ. ಲ್ಯಾಟಿನ್ನಿನ ‘ಫೈಬ್ರ’, ಅಂದರೆ ಎಳೆ, ಆ ಪದದಿಂದ ಈ ಹೆಸರು ಬಂದಿದೆ. ಕಂಡದ್ದನ್ನೇ ಹೆಸರಾಗಿ ಇಟ್ಟಿದ್ದಾರೆ, ಇದು ನನಗೆ ಇಷ್ಟ. ಆಗೊಮ್ಮೆ ಈಗೊಮ್ಮೆ ಒಂದೆರಡು ಎಳೆ ಕಂಡರೆ ಹೆದರಬೇಕಿಲ್ಲ, ಆದರೆ ಬರೆದಿಟ್ಟುಕೊಳ್ಳಿ. ಜಾಸ್ತಿ ಆಗುತ್ತಿದ್ದರೆ, ಹರಿವು ನಿಧಾನವಾಗುತ್ತಿದ್ದರೆ ಯೂನಿಟ್ಟಿಗೆ ಹೇಳಿ. ಬ್ಯಾಗಿಗೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸೇರಿಸಬೇಕೋ ಬೇಡವೋ, ಎಷ್ಟು ಅನ್ನುವುದನ್ನು ಅವರೇ ಹೇಳುತ್ತಾರೆ. ಪಕ್ಕದ ರೋಗಿಗೆ ಹೇಳಿದ ಅಳತೆ ನಿಮ್ಮದಲ್ಲ. ಇನ್ನೊಂದು ವಿಷಯ. ಎಳೆ ಕಾಣುವುದು ಬೇರೆ, ಇಡೀ ಬ್ಯಾಗ್ ಮಬ್ಬಾಗುವುದು ಬೇರೆ. ಬ್ಯಾಗಿನ ಆಚೆಗಿನ ಅಕ್ಷರ ಓದಲು ಆಗದಷ್ಟು ಮಬ್ಬಾಗಿದ್ದರೆ ಪೆರಿಟೋನೈಟಿಸ್ (ಹೊಟ್ಟೆಯ ಒಳಪದರದ ಸೋಂಕು) ಅಂದುಕೊಂಡು ಆಗಲೇ ಫೋನ್ ಮಾಡಬೇಕು. ಹೊಟ್ಟೆ ನೋವೋ ಜ್ವರವೋ ಬರಲಿ ಅಂತ ಕಾಯಬಾರದು. ಆ ಬ್ಯಾಗನ್ನು ಚೆಲ್ಲಬಾರದು.

ಈಗ ಒತ್ತಿಕೊಳ್ಳುವುದು. ನಾನು ಇಷ್ಟೆಲ್ಲ ಬರೆಯಲು ಕೂತಿದ್ದು ಇದಕ್ಕಾಗಿಯೇ.

ಕ್ಯಾಥೆಟರಿನ ತುದಿ ಕೂತಿರುವ ಜಾಗದಲ್ಲಿ ಅದಕ್ಕೆ ಇಬ್ಬರು ನೆರೆಯವರು. ಮುಂದೆ ಮೂತ್ರಕೋಶ, ಹಿಂದೆ ದೊಡ್ಡ ಕರುಳಿನ ಕೊನೆಯ ಭಾಗ. ಕರುಳು ಮಲದಿಂದ ತುಂಬಿ ಊದಿಕೊಂಡರೆ ರಂಧ್ರಗಳ ಮೇಲೆ ಒರಗುತ್ತದೆ. ಕೆಲವೊಮ್ಮೆ ತುದಿಯನ್ನೇ ಜಾಗದಿಂದ ಆಚೆ ತಳ್ಳುತ್ತದೆ. ಹಾಗಿದ್ದರೂ ಫಿಲ್ ಮಾಡುವಾಗ ಏನೂ ಗೊತ್ತಾಗುವುದಿಲ್ಲ. ಒಳಗೆ ನುಗ್ಗುವ ದ್ರವ ಕರುಳನ್ನು ಅತ್ತ ಸರಿಸಿ ತನ್ನ ದಾರಿ ಮಾಡಿಕೊಳ್ಳುತ್ತದೆ. ಡ್ರೇನ್ ಆಗುವಾಗ ಉಲ್ಟಾ. ಹೊರಗೆ ಹೋಗುವ ದ್ರವ ಕರುಳನ್ನೂ ತನ್ನ ಜೊತೆ ರಂಧ್ರಗಳ ಕಡೆ ಎಳೆಯುತ್ತದೆ. ಒಂದೇ ಕಡೆಗೆ ತೆರೆಯುವ ಬಾಗಿಲಿನ ಹಾಗೆ. ಅದಕ್ಕೇ ‘ಹೋಗುತ್ತದೆ, ಬರುವುದಿಲ್ಲ’ ಅನ್ನುವ ದೂರು ಕೇಳಿದಾಗ ಅನುಭವ ಇರುವ ನರ್ಸ್ ಟ್ಯೂಬಿನ ಬಗ್ಗೆ ಕೇಳುವ ಮೊದಲು ಹೊಟ್ಟೆಯ ಬಗ್ಗೆ ಕೇಳುತ್ತಾರೆ. ಫೈಬ್ರಿನ್ ಕೂಡ ಕೆಲವೊಮ್ಮೆ ಹೀಗೆ ಒಂದೇ ದಿಕ್ಕಿನಲ್ಲಿ ಅಡ್ಡ ಬರುತ್ತದೆ ನಿಜ. ಆದರೆ ಎರಡೂ ದಿಕ್ಕಿನಲ್ಲಿ ಹರಿವು ನಿಂತಿದ್ದರೆ ಮಡಿಕೆ, ಕ್ಲಾಂಪ್, ಒಳಗಿನ ಅಡ್ಡಿ ಇವನ್ನು ಮೊದಲು ಅನುಮಾನಿಸಬೇಕು.

ನಮ್ಮ ಪದ ಇಲ್ಲಿ ಎಷ್ಟು ಚೆನ್ನಾಗಿದೆ ನೋಡಿ. ‘ಮಲಬದ್ಧತೆ’ಯಲ್ಲಿರುವ ‘ಬದ್ಧ’ ಅಂದರೆ ಕಟ್ಟಿದ್ದು. ಆಡುಮಾತಿನಲ್ಲಿ ಮಲ ಕಟ್ಟಿದೆ ಅನ್ನುತ್ತೇವೆ. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ. ಎಲ್ಲ ಕಡೆಯೂ ಏನು ಕಟ್ಟಿತು ಅನ್ನುವುದನ್ನು ಸೇರಿಸಿಯೇ ಹೇಳುತ್ತೇವೆ. ಪಿಡಿ ವಿಷಯಕ್ಕೆ ಬಂದಾಗ ಮಾತ್ರ ‘ಬ್ಲಾಕ್ ಆಗಿದೆ’ ಅಂದು ಸುಮ್ಮನಾಗುತ್ತೇವೆ. ಕಟ್ಟಿರುವುದು ಟ್ಯೂಬಲ್ಲ, ಕರುಳು. ಡ್ರೇನ್ ಆಗದೇ ಇರುವುದಕ್ಕೆ ಅತಿ ಸಾಮಾನ್ಯ ಕಾರಣಗಳಲ್ಲಿ ಇದು ಒಂದು. ಮನೆಯವರು ಎಲ್ಲಕ್ಕಿಂತ ಕೊನೆಗೆ ಒಪ್ಪುವ ಕಾರಣವೂ ಇದೇ.

ಯಾಕೆ ಬೇಗ ಒಪ್ಪುವುದಿಲ್ಲ ಅಂದರೆ, "ದಿನಾ ಹೋಗುತ್ತೆ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ದಿನಾ ಹೋಗುವುದು ಬೇರೆ, ಪೂರ್ತಿ ಖಾಲಿಯಾಗುವುದು ಬೇರೆ. ದಿನಾ ಸ್ವಲ್ಪ ಸ್ವಲ್ಪ, ಗಟ್ಟಿಯಾಗಿ, ಮುಕ್ಕುತ್ತಾ ಹೋಗುವವರ ಎಕ್ಸ್‌ರೇಯಲ್ಲಿ ಕರುಳು ತುಂಬಿರುವುದು ಕಾಣುತ್ತದೆ. ಪಿಡಿಯವರಿಗೆ ಇದು ಬರಲು ಕಾರಣಗಳೂ ಸಾಲುಗಟ್ಟಿ ನಿಂತಿವೆ. ಕಬ್ಬಿಣದ ಮಾತ್ರೆ, ಫಾಸ್ಫೇಟ್ ಹಿಡಿಯುವ ಮಾತ್ರೆ, ನೀರಿನ ಮಿತಿ, ಹಣ್ಣು ತರಕಾರಿಯ ಮಿತಿ, ಓಡಾಟ ಕಡಿಮೆ. ಇದು ರೋಗಿಯ ತಪ್ಪಲ್ಲ. ಹೇಳಿಕೊಳ್ಳಲು ನಾಚಿಕೆ ಪಡುವ ವಿಷಯವಂತೂ ಅಲ್ಲವೇ ಅಲ್ಲ. ನನ್ನ ತಂದೆ ಎರಡು ದಿನ ಡ್ರೇನ್ ಸರಿಯಾಗದೆ ಒದ್ದಾಡಿದರು, ಇದೊಂದನ್ನು ಸೊಸೆಯ ಎದುರು ಹೇಳಲಾಗದೆ. ಆ ಎರಡು ದಿನ ನಾವೆಲ್ಲ ಟ್ಯೂಬನ್ನು ನೋಡುತ್ತಾ ಕೂತಿದ್ದೆವು.

ಮಲ ಸಡಿಲವಾಗಲು ಏನು ಕೊಡಬೇಕು ಅನ್ನುವುದನ್ನು ಯೂನಿಟ್ಟಿನವರಿಂದಲೇ ಕೇಳಿ. ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲಿನ್ ಗ್ಲೈಕಾಲ್ ಬರೆದುಕೊಡುತ್ತಾರೆ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಸುಮ್ನೆ ತಂದು ಕುಡಿಯಬೇಡಿ. ಮೆಗ್ನೀಸಿಯಂ ಇರುವ ಔಷಧಿ, ಫಾಸ್ಫೇಟ್ ಇರುವ ಎನಿಮಾ ಇವು ಕಿಡ್ನಿ ಕೆಲಸ ಮಾಡದವರ ಮೈಯಲ್ಲಿ ಉಳಿದುಕೊಂಡು ದೊಡ್ಡ ತೊಂದರೆ ಮಾಡುತ್ತವೆ. ಇನ್ನು ಮೂತ್ರ ಬರುವವರು ಡ್ರೇನಿಗೆ ಮುಂಚೆ ಒಮ್ಮೆ ಹೋಗಿ ಬರಲಿ. ತುಂಬಿದ ಮೂತ್ರಕೋಶವೂ ಹೀಗೇ ಒತ್ತುತ್ತದೆ.

ಜರುಗುವುದು ಅಂದರೆ ತುದಿ ತಳ ಬಿಟ್ಟು ಮೇಲಕ್ಕೆ ಹೋಗುವುದು. ಗ್ರೀಕರ ‘ಕೆಳಕ್ಕೆ’ ತಪ್ಪಿಹೋಯಿತು ಅನ್ನಿ. ಇದನ್ನು ಮನೆಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ, ಹೊಟ್ಟೆಯ ಎಕ್ಸ್‌ರೇ ಬೇಕು. ಕರುಳು ಖಾಲಿಯಾಗಿ ಓಡಾಟ ಶುರುವಾದ ಮೇಲೆ ಕೆಲವರಿಗೆ ತುದಿ ತಾನಾಗಿ ತಳಕ್ಕೆ ಮರಳುತ್ತದೆ. ಇಲ್ಲದಿದ್ದರೆ ತಂತಿ ಹಾಕಿ ಅಥವಾ ಲ್ಯಾಪರೋಸ್ಕೋಪಿಯಿಂದ ಸರಿಪಡಿಸುತ್ತಾರೆ. ಸುತ್ತಿಕೊಳ್ಳುವುದು ಓಮೆಂಟಮ್‌ನ ಕೆಲಸ. ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪರದೆ ಅದು. ಟ್ಯೂಬ್ ಹಾಕಿದ ಮೊದಲ ವಾರಗಳಲ್ಲೇ ಇದು ಹೆಚ್ಚು. ಅದಕ್ಕೂ ಸರ್ಜನ್ ಬೇಕು.

ಇನ್ನೊಂದು ಗೊಂದಲವಿದೆ. ‘ನಿಧಾನವಾಗಿ ಬಂತು’ ಮತ್ತು ‘ಕಡಿಮೆ ಬಂತು’ ಎರಡೂ ಒಂದೇ ಅಲ್ಲ. 2000 ಮಿಲಿ ಹಾಕಿ, ಎಂದಿನಂತೆ 15–20 ನಿಮಿಷದಲ್ಲಿ ಸರಾಗವಾಗಿ ಬಂದು, 1800ಕ್ಕೆ ಮುಗಿಯಿತು ಅಂದುಕೊಳ್ಳಿ. ಆಗ ಟ್ಯೂಬಿನ ಮೇಲೆ ಅನುಮಾನ ಕಡಿಮೆ. ದ್ರವ ಮೈಗೆ ಹೀರಿಕೊಂಡಿರಬಹುದು. ಡ್ವೆಲ್ ಉದ್ದವಾದಾಗ ಗ್ಲೂಕೋಸ್ ಬ್ಯಾಗಿನಲ್ಲಿ ಹೀಗಾಗುತ್ತದೆ. ಅಥವಾ ಎಲ್ಲೋ ಸೋರಿ ಹೊಟ್ಟೆಯ ಗೋಡೆಗೋ ವೃಷಣದ ಚೀಲಕ್ಕೋ ಎದೆಯ ಕಡೆಗೋ ಹೋಗಿರಬಹುದು. ತೂಕ ಏರುತ್ತಿದೆಯಾ, ಕಾಲು ಊದಿದೆಯಾ, ಉಸಿರು ಕಟ್ಟುತ್ತಿದೆಯಾ ಅನ್ನೋದನ್ನು ನೋಡಬೇಕು. ಉಸಿರು ಕಟ್ಟುತ್ತಿದ್ದರೆ ಇನ್ನೊಂದು ಫಿಲ್ ಬೇಡ, ಆಸ್ಪತ್ರೆಗೆ ಹೋಗಿ. ಅದೇ 2000 ಹಾಕಿ, 40 ನಿಮಿಷವಾದರೂ ತೊಟ್ಟು ತೊಟ್ಟಾಗಿ 900 ಬಂದಿದ್ದರೆ ಅದು ದಾರಿಯ ತೊಂದರೆ. ಹರಿವು ಮೊದಲು ಜೋರಾಗಿದ್ದು ಕೊನೆಗೆ ತೊಟ್ಟಿಕ್ಕುವುದು ಎಲ್ಲರಿಗೂ ಆಗುತ್ತದೆ, ಅದು ಲೆಕ್ಕಕ್ಕಿಲ್ಲ. ಡ್ರೇನ್ ಮುಗಿಯುವ ಹೊತ್ತಿಗೆ ಚುಚ್ಚಿದ ಹಾಗೆ ನೋವಾಗುವುದನ್ನೂ ಕೆಲವರು ಬ್ಲಾಕ್ ಅನ್ನುತ್ತಾರೆ. ಒಳಗೆ ನೀರು ಖಾಲಿಯಾಗಿ ತುದಿ ಪದರಕ್ಕೆ ತಾಗುವುದರಿಂದ ಬರುವ ನೋವು ಅದು. ಸೈಕ್ಲರ್ (ತಾನಾಗಿ ಪಿಡಿ ಮಾಡುವ ಯಂತ್ರ) ಬಳಸುವವರಿಗೆ ಸ್ವಲ್ಪ ದ್ರವ ಒಳಗೇ ಉಳಿಸುವ ಟೈಡಲ್ ವಿಧಾನದಿಂದ ಇದು ಕಡಿಮೆಯಾಗುತ್ತದೆ.

ನಿಧಾನವಾದಾಗ ಆ ಹೊತ್ತಿಗೆ ಮಾಡಬಹುದಾದದ್ದು ಸರಳ. ಎದ್ದು ನಿಲ್ಲಿ, ನಾಲ್ಕು ಹೆಜ್ಜೆ ಹಾಕಿ, ಕೂತು ಮುಂದಕ್ಕೆ ಬಾಗಿ, ಮಲಗಿ ಒಂದು ಮಗ್ಗುಲಿಗೆ ತಿರುಗಿ, ಆಮೇಲೆ ಇನ್ನೊಂದು ಮಗ್ಗುಲಿಗೆ. ಯಾವ ಭಂಗಿಯಲ್ಲಿ ಹರಿವು ಜೋರಾಯಿತು ಅನ್ನೋದನ್ನು ಬರೆದಿಡಿ. ಒಳಗಿನದು ಬರದೆ ಮೇಲೆ ಇನ್ನೊಂದು ಬ್ಯಾಗ್ ಹಾಕಬೇಡಿ. ಸೈಕ್ಲರ್ ಡ್ರೇನ್ ಕಡಿಮೆ ಅಂತ ಕೂಗಿದರೆ ನಿದ್ದೆಗಣ್ಣಲ್ಲಿ ಆ ಹಂತವನ್ನು ದಾಟಿಸುವ ಬೈಪಾಸ್ ಗುಂಡಿ ಒತ್ತಬೇಡಿ. 1100 ಉಳಿದ ಹೊಟ್ಟೆಗೆ ಮತ್ತೆ 2000 ಸೇರಿದರೆ ಏನಾಗುತ್ತದೆ ಅನ್ನೋದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ ಅಲ್ವಾ?

ಇಷ್ಟಕ್ಕೂ ಸರಿಹೋಗದಿದ್ದರೆ ಫೋನ್ ಮಾಡಿ. ಆದರೆ ‘ಬ್ಲಾಕ್’ ಅನ್ನಬೇಡಿ. ಹೀಗೆ ಹೇಳಿ: "2000 ಹಾಕಿದ್ದು ಹತ್ತು ನಿಮಿಷದಲ್ಲಿ ಹೋಯಿತು. ಬಂದಿದ್ದು 40 ನಿಮಿಷದಲ್ಲಿ 900. ನಿನ್ನೆಯವರೆಗೆ ಸರಿಯಿತ್ತು. ಬಣ್ಣ ತಿಳಿಯಾಗಿದೆ, ಎಳೆ ಇಲ್ಲ, ನೋವಿಲ್ಲ, ಜ್ವರವಿಲ್ಲ. ಪೈಪು ನೋಡಿದೆವು, ಮಡಿಕೆ ಇಲ್ಲ. ಎಡ ಮಗ್ಗುಲಿಗೆ ತಿರುಗಿದಾಗ ಸ್ವಲ್ಪ ಬರುತ್ತದೆ. ಹೊಟ್ಟೆ ಸರಿಯಾಗಿ ಹೋಗಿ ಮೂರು ದಿನವಾಯಿತು."

ಈ ಕೊನೆಯ ವಾಕ್ಯವನ್ನು ನರ್ಸ್ ಕೇಳುವ ಮೊದಲೇ ಹೇಳಿಬಿಡಿ.