ಮುಟ್ಟಲಾಗದ ಬಟ್ಟಲಿಗೆ ಒಂದು ಫೋಟೊ

ಕೈಯಿಂದ ಮಾಡಿದ ಪಾತ್ರೆ, ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಫೋಟೊ ತೆಗೆದುಕೊಡುವುದು ನನ್ನ ಕೆಲಸ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಬಟ್ಟಲಿನ ಫೋಟೊ ತೆಗೆದಿದ್ದೆ. ಹಸಿರು ಗ್ಲೇಜ್ (ಮಣ್ಣಿನ ಪಾತ್ರೆಗೆ ಹಚ್ಚಿ ಸುಡುವ ಗಾಜಿನಂಥ ಲೇಪ), ಬಾಯಂಚಿನಲ್ಲಿ ಸಣ್ಣ ಕಂದು ಗೆರೆ. ಬೆಳಕು ಚೆನ್ನಾಗಿತ್ತು, ಫೋಕಸ್ ಸರಿ ಇತ್ತು, ಹಿನ್ನೆಲೆಯೂ ಶುಭ್ರವಾಗಿತ್ತು. ಅದನ್ನು ಮಾಡಿದ ಕುಂಬಾರರಿಗೂ ಫೋಟೊ ಇಷ್ಟವಾಯಿತು. ಆದರೆ ಕೊಂಡವರಲ್ಲಿ ಮೂವರು ಬಟ್ಟಲನ್ನು ವಾಪಸ್ ಕಳಿಸಿದರು. ಬಟ್ಟಲಲ್ಲಿ ಏನೂ ದೋಷ ಇರಲಿಲ್ಲ. ಇಷ್ಟು ಚಿಕ್ಕದು ಅಂದುಕೊಂಡಿರಲಿಲ್ಲ ಎಂಬುದೇ ಮೂವರ ಮಾತು. ಅಳತೆಯನ್ನು ಪಕ್ಕದಲ್ಲೇ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದಿತ್ತು. ಅದನ್ನು ಯಾರು ಓದುತ್ತಾರೆ? ಫೋಟೊ ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ನಾನು ಬಟ್ಟಲನ್ನು ಒಂಟಿಯಾಗಿ ಬಿಳಿ ಹಾಳೆಯ ಮೇಲಿಟ್ಟು ಬಿಟ್ಟಿದ್ದೆ. ಅದು ಅಂಗೈಯಷ್ಟು ದೊಡ್ಡದೋ ಬೋಗುಣಿಯಷ್ಟು ದೊಡ್ಡದೋ ಎಂದು ಹೇಳುವ ವಸ್ತು ಒಂದೂ ಅಲ್ಲಿರಲಿಲ್ಲ.

ಅಂಗಡಿಯಲ್ಲಾದರೆ ಜನ ಏನು ಮಾಡುತ್ತಾರೆ ಗಮನಿಸಿ. ಬಟ್ಟಲನ್ನು ಎತ್ತಿ ತೂಕ ನೋಡುತ್ತಾರೆ. ಹೆಬ್ಬೆರಳಿನಿಂದ ಅಂಚು ಸವರುತ್ತಾರೆ. ಬೋರಲು ಹಾಕಿ ತಳ ನೋಡುತ್ತಾರೆ. ನ್ಯಾಪ್ಕಿನ್ ಆದರೆ ಎರಡು ಬೆರಳಿನ ನಡುವೆ ಉಜ್ಜುತ್ತಾರೆ, ಮಡಿಕೆ ಬಿಡಿಸಿ ಅಂಚಿನ ಹೊಲಿಗೆ ನೋಡುತ್ತಾರೆ. ಪರದೆಯ ಮೇಲೆ ಇದು ಯಾವುದೂ ಆಗುವುದಿಲ್ಲ. ಆ ಕೆಲಸವನ್ನೆಲ್ಲ ಫೋಟೊ ಮಾಡಿಕೊಡಬೇಕು. ಸ್ಟೈಲಿಂಗ್ ಎಂದರೆ ನನಗೆ ಇಷ್ಟೇ. ಸುತ್ತ ಹೂವು, ಎಲೆ ಜೋಡಿಸುವುದು ಆಮೇಲಿನ ಮಾತು. ಬಹಳ ಸಲ ಅದು ಬೇಕಾಗುವುದೂ ಇಲ್ಲ.

ಹಾಗಾಗಿ ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ನಾನು ವಸ್ತುವನ್ನು ಕೈಯಲ್ಲಿ ಹಿಡಿದು ಕೂರುತ್ತೇನೆ. ಕಣ್ಣು ಮುಚ್ಚಿ ತಿರುಗಿಸುತ್ತೇನೆ. ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತದೆ. ತಿಗರಿಯ ಮೇಲೆ ತಿರುಗುವಾಗ ಮಾಡಿದವರ ಬೆರಳು ಬಿಟ್ಟ ಸುತ್ತುಗೆರೆ ಇರಬಹುದು, ಗ್ಲೇಜ್ ದಪ್ಪವಾಗಿ ಇಳಿದು ನಿಂತ ಜಾಗ ಇರಬಹುದು, ಹಿಡಿಕೆಯನ್ನು ಅಂಟಿಸಿ ಒತ್ತಿದ ಹೆಬ್ಬೆರಳಿನ ಗುರುತು ಇರಬಹುದು. ಬೆರಳು ನಿಂತ ಜಾಗವೇ ಆ ವಸ್ತುವಿನ ಮುಖ. ಕ್ಯಾಮೆರಾ ಅದನ್ನು ನೋಡಬೇಕು.

ಇನ್ನು ಬೆಳಕು. ದುಬಾರಿ ಲೈಟ್ ಬೇಕಿಲ್ಲ. ನೇರ ಬಿಸಿಲು ಬೀಳದ ಒಂದು ಕಿಟಕಿ ಸಾಕು. ಮೇಜನ್ನು ಕಿಟಕಿಯಿಂದ ಒಂದು ಮೀಟರ್ ಒಳಗೇ ಇಡಿ, ಬೆಳಕು ಪಕ್ಕದಿಂದ ಬರಲಿ. ಬೆನ್ನ ಹಿಂದಿನಿಂದ, ಅಂದರೆ ಕ್ಯಾಮೆರಾ ಕಡೆಯಿಂದ ಬೆಳಕು ಬಿದ್ದರೆ ಎಲ್ಲ ಚಪ್ಪಟೆಯಾಗುತ್ತದೆ. ಪಕ್ಕದಿಂದ ಸವರಿಕೊಂಡು ಹೋಗುವ ಬೆಳಕಿಗೆ ಪ್ರತಿ ಉಬ್ಬೂ ಸಿಗುತ್ತದೆ, ಪ್ರತಿ ಉಬ್ಬಿನ ಹಿಂದೆ ಒಂದು ಸಣ್ಣ ನೆರಳು ಬೀಳುತ್ತದೆ. ಕೈಗೆ ಸಿಗುವ ಒರಟುತನ ಕಣ್ಣಿಗೆ ಕಾಣುವುದು ಆ ನೆರಳಿನಿಂದಲೇ. ಒಮ್ಮೆ ಮಾಡಿ ನೋಡಿ. ಬಟ್ಟಲನ್ನು ಕಿಟಕಿಯ ಪಕ್ಕ ಇಟ್ಟು ಸುಮ್ನೆ ಒಂದೊಂದು ಬೆರಳಿನಷ್ಟು ತಿರುಗಿಸುತ್ತಾ ಹೋಗಿ. ಹೊರಮೈಯ ಉಬ್ಬುತಗ್ಗುಗಳು ಕಾಣಿಸುತ್ತವೆ, ಮಾಯವಾಗುತ್ತವೆ, ಮತ್ತೆ ಕಾಣಿಸುತ್ತವೆ. ಎಲ್ಲಿ ಅತಿ ಸ್ಪಷ್ಟವಾಗಿ ಎದ್ದು ನಿಂತವೋ ಅಲ್ಲಿ ನಿಲ್ಲಿಸಿ. ಎದುರು ಪಕ್ಕದಲ್ಲಿ ನೆರಳು ತೀರಾ ಕಪ್ಪಾದರೆ ಒಂದು ಬಿಳಿ ರಟ್ಟು ನಿಲ್ಲಿಸಿ. ತೀರಾ ಹತ್ತಿರ ತರಬೇಡಿ, ನೆರಳೆಲ್ಲ ಕರಗಿಹೋಗುತ್ತದೆ.

ಹೊಳೆಯುವ ಗ್ಲೇಜ್ ಮಾತ್ರ ಸತಾಯಿಸುತ್ತದೆ. ಅದು ಕನ್ನಡಿಯ ಹಾಗೆ. ಬೆಳಕು ಯಾವ ಕೋನದಲ್ಲಿ ಬಿತ್ತೋ ಅದೇ ಕೋನದಲ್ಲಿ ವಾಪಸ್ ಹೋಗುತ್ತದೆ. ಆ ದಾರಿಯಲ್ಲಿ ನಿಮ್ಮ ಕ್ಯಾಮೆರಾ ಇದ್ದರೆ ಬಟ್ಟಲಿನ ಹೊಟ್ಟೆಯ ಮೇಲೆ ಕಿಟಕಿ ಸರಳುಗಳ ಸಮೇತ ಬಂದು ಕೂರುತ್ತದೆ. ಒಂದು ಸಲ ಅರ್ಧ ದಿನ ಕೆಲಸ ಮಾಡಿದ ಮೇಲೆ ಎಲ್ಲ ಬಿಳಿ ಮಗ್‌ಗಳ ಮೇಲೂ ಒಂದು ಕೆಂಪು ಛಾಯೆ ಇರುವುದು ಗೊತ್ತಾಯಿತು. ಅದು ನನ್ನ ಅಂಗಿಯ ಬಣ್ಣ. ಅಷ್ಟನ್ನೂ ಮತ್ತೆ ತೆಗೆಯಬೇಕಾಯಿತು. ಅವತ್ತಿನಿಂದ ಕೆಲಸದ ದಿನ ಬೂದು ಅಥವಾ ಕಪ್ಪು ಬಟ್ಟೆಯನ್ನೇ ಹಾಕುತ್ತೇನೆ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿದರೆ ಸರಳುಗಳು ಮಾಯವಾಗಿ ಹೊಳಪು ಮೆತ್ತಗಾಗುತ್ತದೆ. ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೂಡ ಗ್ಲೇಜ್ ಮೇಲಿನ ಹೊಳಪು ಕಡಿಮೆ ಮಾಡುತ್ತದೆ, ಆದರೆ ಓರೆ ಕೋನದಿಂದ ನೋಡುವಾಗ ಮಾತ್ರ. ನೆಟ್ಟಗೆ ಮೇಲಿನಿಂದ ನೋಡಿದರೆ ಉಪಯೋಗವಿಲ್ಲ. ಹಿತ್ತಾಳೆ, ಸ್ಟೀಲ್ ಮುಂತಾದ ಲೋಹದ ಹೊಳಪಿಗೂ ಅದು ಹೆಚ್ಚು ಕೆಲಸಕ್ಕೆ ಬಾರದು. ಹೊಳಪನ್ನು ಪೂರ್ತಿ ಅಳಿಸುವುದು ನನಗಂತೂ ಒಪ್ಪಿಗೆಯಿಲ್ಲ. ಆ ಒಂದು ಹೊಳೆವ ಗೆರೆ ಹೋದರೆ ಗ್ಲೇಜ್ ನುಣುಪೋ ಒರಟೋ ಎಂದು ಯಾರಿಗೂ ತಿಳಿಯದು.

ಬಿಳಿ ತಟ್ಟೆ ಬಿಳಿ ಬಟ್ಟೆಯ ಮೇಲೆ ಇದ್ದರೆ ಇನ್ನೊಂದು ಪೇಚು. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಸರಾಸರಿ ಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಹಾಗಾಗಿ ಬಿಳಿ ತಟ್ಟೆ ಮಬ್ಬು ಬೂದಾಗಿ ಬರುತ್ತದೆ. ಎಕ್ಸ್‌ಪೋಶರ್ ಅನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, 1 ಸ್ಟಾಪ್ (ಎರಡು ಪಟ್ಟು) ಅಥವಾ ಸ್ವಲ್ಪ ಜಾಸ್ತಿ ಏರಿಸಿ. ಕಡು ಕಪ್ಪು ಪಾತ್ರೆಗೆ ಇದರ ಉಲ್ಟಾ, ಇಳಿಸಬೇಕು. ಬಿಳಿ ಬಿಳಿಯಲ್ಲಿ ಅಂಚು ಕರಗಿಹೋದರೆ ಫ್ರೇಮ್‌ನ ಹೊರಗೆ, ಅಂಚಿನ ಪಕ್ಕಕ್ಕೆ ಒಂದು ಕಪ್ಪು ರಟ್ಟು ಇಡಿ. ತಟ್ಟೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಒಂದು ಗೆರೆ ಮೂಡುತ್ತದೆ.

ಈಗ ಬಟ್ಟೆಗೆ ಬರೋಣ. ನನ್ನ ಅರ್ಧ ಸಮಯ ಹೋಗುವುದು ಇಲ್ಲೇ. ಮಡಿಕೆ ಬಿದ್ದ ನ್ಯಾಪ್ಕಿನ್ ಪೊಟ್ಟಣದಿಂದ ಬಿಚ್ಚಿ ಹಾಗೇ ಹಾಸಿದರೆ ಆ ಚೌಕ ಚೌಕ ಗೆರೆಗಳು ಎಷ್ಟು ಒಳ್ಳೆಯ ನೇಯ್ಗೆಯನ್ನೂ ಕೊಂದುಬಿಡುತ್ತವೆ. ಲಿನನ್ ನಾರಿಗೆ ಹಿಗ್ಗುವ ಗುಣ ಕಡಿಮೆ, ಅದಕ್ಕೇ ಒಮ್ಮೆ ಬಿದ್ದ ಸುಕ್ಕು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಣಗಿದ ಮೇಲೆ ಎಷ್ಟು ತಿಕ್ಕಿದರೂ ಕಷ್ಟ. ಇನ್ನೂ ಹಸಿ ಇರುವಾಗಲೇ ಚೆನ್ನಾಗಿ ಕಾದ ಇಸ್ತ್ರಿ ಹಾಕಬೇಕು. ಕಸೂತಿ ಇದ್ದರೆ ಬಟ್ಟೆಯನ್ನು ಮಗುಚಿ, ಕೆಳಗೆ ದಪ್ಪ ಟವೆಲ್ ಹಾಸಿ ಹಿಂಬದಿಯಿಂದ. ಇಲ್ಲವಾದರೆ ಎದ್ದು ನಿಲ್ಲಬೇಕಾದ ದಾರ ಚಪ್ಪಟೆಯಾಗುತ್ತದೆ.

ಇಷ್ಟಾದ ಮೇಲೆ ನಾನು ಮಾಡುವುದನ್ನು ನೋಡಿ ಹೊಸಬರು ಬೆಚ್ಚುತ್ತಾರೆ. ನೀಟಾಗಿ ಇಸ್ತ್ರಿಯಾದ ಬಟ್ಟೆಯ ನಡುವನ್ನು ಮೂರು ಬೆರಳಲ್ಲಿ ಹಿಡಿದು ಎತ್ತುತ್ತೇನೆ. ಒಂದೇ ಒಂದು ಸಲ ಕೊಡವುತ್ತೇನೆ. ಮೇಜಿನ ಮೇಲೆ ಬಿಡುತ್ತೇನೆ. ಬಟ್ಟೆ ತನ್ನ ತೂಕಕ್ಕೆ ತಾನೇ ಬಿದ್ದಾಗ ಆಗುವ ನಿರಿಗೆ ಇದೆಯಲ್ಲ, ಅದು ಕೈಯಿಂದ ಜೋಡಿಸಿದ ನಿರಿಗೆಗಿಂತ ಯಾವಾಗಲೂ ಚೆನ್ನ. ದಪ್ಪ ಲಿನನ್ ದೊಡ್ಡ, ನಿಧಾನದ ಅಲೆಗಳಾಗಿ ಬೀಳುತ್ತದೆ. ತೆಳು ಹತ್ತಿ ಸಣ್ಣ ಸಣ್ಣ ಮುರಿತಗಳಾಗಿ ಬೀಳುತ್ತದೆ. ನೋಡುವವರಿಗೆ ಬಟ್ಟೆಯ ದಪ್ಪ ತಿಳಿಯುವುದು ಹಾಗೆ. ಸರಿ ಬೀಳಲಿಲ್ಲವೋ, ಮತ್ತೆ ಎತ್ತಿ ಬಿಡಿ. ಹತ್ತು ಸಲವಾದರೂ ಚಿಂತೆಯಿಲ್ಲ. ಬೆರಳಲ್ಲಿ ತಿದ್ದಲು ಹೋಗಬೇಡಿ, ತಿದ್ದಿದ್ದು ಫೋಟೊದಲ್ಲಿ ಗೊತ್ತಾಗುತ್ತದೆ. ಒಂದು ಮೂಲೆ ಮಾತ್ರ ಕ್ಯಾಮೆರಾ ಕಡೆ ತಿರುಗಿರಲಿ. ಅಂಚಿನ ಹೊಲಿಗೆ, ಕುಚ್ಚು, ಹಾಸು ಹೊಕ್ಕಿನ ಎಳೆಗಳು ಕಾಣುವುದು ಆ ಮೂಲೆಯಲ್ಲಿ. ಫೋಟೊ ತೆಗೆಯುವ ಮುನ್ನ ಅಂಟು ರೋಲರ್ ಒಮ್ಮೆ ಎಳೆಯಿರಿ. ಕಣ್ಣಿಗೆ ಕಾಣದ ಧೂಳು, ಎಳೆ, ಕೂದಲು ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ.

ಒತ್ತೊತ್ತಾದ ನೇಯ್ಗೆಯಲ್ಲಿ ಕೆಲವೊಮ್ಮೆ ಇಲ್ಲದ ಅಲೆ ಅಲೆ ಪಟ್ಟೆ ಕಾಣಿಸುತ್ತದೆ. ಇದಕ್ಕೆ ಮ್ವಾರೆ ಅನ್ನುತ್ತಾರೆ. ಎಳೆಗಳ ಸಾಲು ಮತ್ತು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್‌ನ ಪಿಕ್ಸೆಲ್ ಸಾಲು ಒಂದರ ಮೇಲೊಂದು ಬಿದ್ದಾಗ ಆಗುವುದು ಅದು. ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ, ಅಥವಾ ಬಟ್ಟೆಯನ್ನು ತುಸು ಓರೆ ಮಾಡಿ. ಫೋಟೊವನ್ನು 100% ಹಿಗ್ಗಿಸಿ ನೋಡಿ ಖಚಿತ ಮಾಡಿಕೊಳ್ಳಿ. ಚಿತ್ರವನ್ನು ಕುಗ್ಗಿಸಿ ನೋಡುವಾಗ ಪರದೆಯೇ ಸುಳ್ಳು ಪಟ್ಟೆ ತೋರಿಸುವುದುಂಟು.

ಬಣ್ಣದ ವಿಷಯಕ್ಕೆ ಒಂದು ಹಳೆಯ ಕತೆ ನನಗೆ ತುಂಬಾ ಇಷ್ಟ. ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ 1824ರಲ್ಲಿ ಪ್ಯಾರಿಸ್‌ನ ಗೋಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಅಲ್ಲಿನ ಕಪ್ಪು ಬಣ್ಣ ಕಳೆಗುಂದಿದೆ ಎಂಬ ದೂರು ಬಂದಿತ್ತು. ಬಣ್ಣವನ್ನು ಪರೀಕ್ಷೆ ಮಾಡಿದರೆ ಅದರಲ್ಲಿ ಕೊರತೆ ಇಲ್ಲ. ಕಪ್ಪು ಎಳೆಯ ಪಕ್ಕದಲ್ಲಿ ಯಾವ ಬಣ್ಣ ನೇಯ್ದಿದೆ ಎಂಬುದರಿಂದ ಕಪ್ಪು ಮಂಕಾಗಿ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ರೀತಿಯನ್ನು ಅವನು 1839ರಲ್ಲಿ ವಿವರವಾಗಿ ಪ್ರಕಟಿಸಿದ. ನಮ್ಮ ಮೇಜಿನ ಮೇಲೆ ನಡೆಯುವುದೂ ಅದೇ. ಬೂದು ಬಟ್ಟಲನ್ನು ನೀಲಿ ಬಟ್ಟೆಯ ಮೇಲಿಟ್ಟರೆ ಅದು ಬೆಚ್ಚಗಿನ ಕಂದು ಬೂದಾಗಿ ಕಾಣುತ್ತದೆ. ಅದೇ ಬಟ್ಟಲನ್ನು ಕಿತ್ತಳೆ ಬಟ್ಟೆಯ ಮೇಲಿಟ್ಟರೆ ನೀಲಿ ಬೂದು. ಕೊಂಡವರ ಮನೆಯಲ್ಲಿ ಆ ಬಟ್ಟೆ ಇರುವುದಿಲ್ಲ, ಅಲ್ವಾ? ಅದಕ್ಕೇ ಪ್ರತಿ ವಸ್ತುವಿಗೂ ಬಣ್ಣವಿಲ್ಲದ ಹಿನ್ನೆಲೆಯಲ್ಲಿ ಒಂದು ಫೋಟೊ ಇರಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಅಲಂಕಾರದ ಫೋಟೊ ಎಷ್ಟಾದರೂ ಇರಲಿ.

ಕಿಟಕಿ ಬೆಳಕಿನಲ್ಲಿ ಕೆಲಸ ಮಾಡುವಾಗ ಮನೆಯ ದೀಪಗಳನ್ನೆಲ್ಲ ಆರಿಸಿಬಿಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಗಲ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬು 2700ರ ಆಸುಪಾಸು. ಎರಡೂ ಸೇರಿದರೆ ಬಟ್ಟಲಿನ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ. ಇದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸರಿ ಮಾಡುವುದು ದೊಡ್ಡ ಗೋಳು. ಮೊದಲ ಫೋಟೊದಲ್ಲಿ ಒಂದು ಗ್ರೇ ಕಾರ್ಡ್ (ಅಪ್ಪಟ ಬೂದು ಬಣ್ಣದ ರಟ್ಟು) ಇಟ್ಟು ತೆಗೆಯಿರಿ, ವೈಟ್ ಬ್ಯಾಲೆನ್ಸ್‌ಗೆ, ಅಂದರೆ ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಸರಿಮಾಡಲು, ಅದೇ ಆಧಾರ. ಇನ್ನೊಂದು ಸೂಕ್ಷ್ಮ ಇದೆ. ಬಹಳಷ್ಟು ಬಿಳಿ ಹತ್ತಿ ಬಟ್ಟೆಗಳಿಗೆ, ಬಟ್ಟೆ ಒಗೆಯುವ ಪುಡಿಗಳಿಗೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಹಗಲ ಬೆಳಕಿನ ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಕೊಡುತ್ತದೆ. ಅಂಥ ಬಟ್ಟೆಯನ್ನು ಬಣ್ಣ ಹಾಕದ ಲಿನನ್ ಪಕ್ಕ ಇಟ್ಟರೆ ಪಾಪ, ಲಿನನ್ ಕೊಳೆಯಾದ ಹಾಗೆ ಕಾಣುತ್ತದೆ. ಎರಡನ್ನೂ ಒಂದೇ ಫ್ರೇಮ್‌ನಲ್ಲಿ ಇಡಬೇಡಿ.

ಲೆನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋನ್‌ನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರ ಹೋದರೆ ಬಟ್ಟಲಿನ ಮುಂಭಾಗ ಊದಿಕೊಳ್ಳುತ್ತದೆ. ಹಿಂದೆ ಸರಿದು 2ಎಕ್ಸ್ ಜೂಮ್ ಬಳಸಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬೇಡ, ಮಗ್ ಹಿಡಿಕೆಯ ಒಳಗಿನ ಜಾಗವನ್ನು ಅದು ಆಗಾಗ ಮರೆತುಬಿಡುತ್ತದೆ. ಕ್ಯಾಮೆರಾ ಇದ್ದರೆ ಟ್ರೈಪಾಡ್ ಮೇಲೆ ಇಟ್ಟು, ಲೆನ್ಸ್‌ನ ತೆರಪು (ಅಪರ್ಚರ್) ಎಫ್ 8, ಫೋಕಸ್ ಮುಂದಿನ ಬಾಯಂಚಿಗೆ. ತಟ್ಟೆಗೆ ಮೇಲಿನ ನೋಟ, ಬಟ್ಟಲಿಗೆ 45 ಡಿಗ್ರಿ, ಮಗ್‌ಗೆ ಇನ್ನೂ ತಗ್ಗಿನಿಂದ. ಇಷ್ಟರಿಂದ ಶುರು ಮಾಡಿ.

ಗಾತ್ರ ತೋರಿಸಲು ಎಲ್ಲರಿಗೂ ಅಳತೆ ಗೊತ್ತಿರುವ ವಸ್ತು ಬೇಕು. ಒಂದು ಚಮಚ, ಒಂದು ಮೊಟ್ಟೆ. ಎಲ್ಲಕ್ಕಿಂತ ಒಳ್ಳೆಯದು ಕೈ. ಆದರೆ ಕೈ ನಟಿಸಬಾರದು. ಮಗ್ ಅನ್ನು ಬೆರಳ ತುದಿಯಲ್ಲಿ ಮುಟ್ಟಿ ನಿಂತ ಕೈ ಯಾರನ್ನೂ ನಂಬಿಸುವುದಿಲ್ಲ. ಅದರಲ್ಲಿ ಬಿಸಿ ನೀರು ತುಂಬಿಸಿ ನಿಜವಾಗಿ ಹಿಡಿಯಲು ಹೇಳಿ. ಬೆರಳುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತವೆ.

ಕೈಯಿಂದ ಮಾಡಿದ ವಸ್ತುವಿನಲ್ಲಿ ಗುರುತುಗಳು ಇರುತ್ತವೆ. ಗ್ಲೇಜ್‌ನಲ್ಲಿ ಸೂಜಿ ಮೊನೆಯಷ್ಟು ತೂತು, ಆವಿಗೆಯ ಬೆಂಕಿ ತಾಗಿ ಒಂದು ಪಕ್ಕ ಗಾಢವಾದ ಬಣ್ಣ, ನೇಯ್ಗೆಯಲ್ಲಿ ಒಂದು ದಪ್ಪ ಎಳೆ. ಧೂಳನ್ನು ನಾನು ಅಳಿಸುತ್ತೇನೆ, ಇವನ್ನು ಅಳಿಸುವುದಿಲ್ಲ. ಒಂದೇ ಬಗೆಯ ಎರಡು ಮೂರು ಬಟ್ಟಲು ಅಕ್ಕಪಕ್ಕ ಇಟ್ಟು ತೆಗೆಯುತ್ತೇನೆ. ಒಂದು ತುಸು ಎತ್ತರ, ಒಂದರ ಗ್ಲೇಜ್ ಒಂದಿಷ್ಟು ಕೆಳಗೆ ಇಳಿದಿದೆ. ಕೊಳ್ಳುವವರಿಗೆ ಇದು ಮೊದಲೇ ಕಾಣಿಸಿದರೆ, ಮನೆಗೆ ಬಂದ ಬಟ್ಟಲು ಫೋಟೊದ ಹಾಗೇ ಇಲ್ಲ ಎಂದು ಅವರು ಬೇಸರ ಪಡುವುದಿಲ್ಲ.

ವಾಪಸ್ ಬಂದ ಆ ಹಸಿರು ಬಟ್ಟಲುಗಳ ಫೋಟೊವನ್ನು ಆಮೇಲೆ ಮತ್ತೆ ತೆಗೆದೆ. ಈ ಸಲ ಕುಂಬಾರರ ಅಂಗೈಯಲ್ಲೇ ಇಟ್ಟು. ಅವರ ಉಗುರಿನ ಸಂದಿಯಲ್ಲಿ ಒಣಗಿದ ಮಣ್ಣಿತ್ತು. ತೊಳೆದು ಬರಲೇ ಎಂದು ಕೇಳಿದರು, ಬೇಡ ಎಂದೆ. ಕೊನೆಯ ಫೋಟೊಗೆ ಬಟ್ಟಲನ್ನು ಬೋರಲು ಹಾಕಿದೆವು. ತಳದಲ್ಲಿ ಗ್ಲೇಜ್ ಇಲ್ಲದ ಒರಟು ಬಳೆ, ಅದರ ನಡುವೆ ಹಸಿ ಮಣ್ಣಿನಲ್ಲಿ ಕೊರೆದ ಅವರ ಗುರುತು. ಓರೆ ಬೆಳಕಿಗೆ ಆ ಗುರುತಿನ ಒಂದೊಂದು ಗೆರೆಯೂ ಎದ್ದು ಕಂಡಿತು.